ಟೈಪಿಂಗ್ ಸರ್ ಕೇಳಿಸಿದ ರೆಗ್ಗೆ

ಕಳೆದ ವಾರ ಶಹಾಪುರದ ಒಂದು ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆಂದು ರಕ್ತ ಕೊಡಲು ಹೋಗಿದ್ದೆ. ಅಲ್ಲಿನ ಹೆಣ್ಣುಮಗಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಎಡಗೈಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಸೂಜಿ ನೆನಪಾಗುತ್ತದೆ. ನನಗೆ ಹಾಡು ನೆನಪಾಗುತ್ತದೆ. ಮೇಜಿನ ಮೇಲಿದ್ದ ಬಲಗೈ ಬೆರಳುಗಳು ನನ್ನನ್ನು ಕೇಳದೆ ತಮ್ಮ ಕೆಲಸ ಶುರು ಮಾಡಿದ್ದವು.

"ಆಂಟಿ, ಕೈ ಸುಮ್ಮ ಇಡ್ರಿ. ಯಾವ ಹಾಡ್ರಿ ಅದು, ಇಷ್ಟ್ ಆರಾಮ ಬಾರ್ಸಾಕತ್ತೀರಲ್ಲ?" ಎಂದು ಅವಳು ನಕ್ಕಳು.

"ರಿಪೋರ್ಟ್ ಒಯ್ಯಾಕ ಬಂದಾಗ ಹೇಳ್ತೀನವ್ವ" ಅಂದೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ ಅದು.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲೆ ನಮ್ಮ ಟೈಪಿಂಗ್ ಸರ್ ಕ್ಲಾಸು ನಡೆಸುತ್ತಿದ್ದರು. ಹದಿನಾಲ್ಕು ಮಷೀನು, ಒಂದು ಗೋಡೆ ಗಡಿಯಾರ, ಒಂದು ಟೇಪ್ ರೆಕಾರ್ಡರ್. ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಅವರು ಹಣೆಗೆ ವಿಭೂತಿ ಹಚ್ಚಿಕೊಂಡು, ತುಂಬು ತೋಳಿನ ಬಿಳಿ ಅಂಗಿಯ ಗುಂಡಿ ಹಾಕಿಕೊಂಡು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಟೇಪ್ ರೆಕಾರ್ಡರಿನೊಳಗೆ ಟೇಪು ತಾಗುವ ಹೆಡ್ ಒರೆಸುತ್ತ ಕೂತಿರುತ್ತಿದ್ದರು. ಕೂಸಿನ ಕಿವಿ ಒರೆಸುವಷ್ಟು ಜೋಪಾನ. ಕೆಳಗಿನಿಂದ ಯೂರಿಯಾ ವಾಸನೆ, ಮೇಲೆ ಸ್ಪಿರಿಟ್ ವಾಸನೆ… ನನ್ನ ವಿದ್ಯೆಯೆಲ್ಲ ಈ ಎರಡು ವಾಸನೆಗಳ ನಡುವೆ ಆದದ್ದು.

ನನ್ನೂರು ಮುದನಾಳ. ಅಪ್ಪ ಯಾದಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದರು. ಸಾಹೇಬರ ಬಾಗಿಲ ಹೊರಗೆ ಒಂದು ಸ್ಟೂಲು. ಒಳಗೆ ಗಂಟೆ ಬಾರಿಸಿದಾಗ ಎದ್ದು ಹೋಗಬೇಕು. ಆ ಸ್ಟೂಲಿನ ಮೇಲೆ ಕೂತೇ ಅವರು ನನ್ನನ್ನು ಓದಿಸಿದರು. ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ನನಗೆ ನೌಕರಿ ಸಿಗುವುದಿತ್ತು. ಇಂಗ್ಲಿಷ್ ಸೀನಿಯರ್ ಟೈಪಿಂಗ್ ಪಾಸಾದರೆ ಟೈಪಿಸ್ಟ್, ಇಲ್ಲದಿದ್ದರೆ ಅಪ್ಪನದೇ ಜಾಗ. ನಾನು ಆಗಲೇ ಎರಡು ಸಲ ಫೇಲಾಗಿದ್ದೆ.

"ಎರಡ್ ಸಲ ಆತಲ್ಲವ್ವ. ಈ ಸಲನೂ ಆಗ್ಲಿಲ್ಲಂದ್ರ ಅಪ್ಪನ ಸ್ಟೂಲಿಗೆ ಸಹಿ ಮಾಡಿಬಿಡು. ಖಾಲಿ ಕೂಡೋದಕ್ಕಿಂತ ಅದು ಛಲೋ" ಅಂದರು ಅಪ್ಪನ ಕಚೇರಿಯ ಹೆಡ್ ಕ್ಲಾರ್ಕು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೂ ಆ ದಿನ ನನಗೆ ಊಟ ಸೇರಲಿಲ್ಲ. ಅಪ್ಪನ ಸ್ಟೂಲಿನ ಬಗ್ಗೆ ನನಗೆ ನಾಚಿಕೆ ಇರಲಿಲ್ಲ. ಆದರೆ ಅವರು ಅಷ್ಟು ವರ್ಷ ಗಂಟೆಗೆ ಏಳುತ್ತ ಬಂದದ್ದು ನಾನೂ ಅದೇ ಗಂಟೆಗೆ ಏಳಲೆಂದಲ್ಲ ಎಂಬುದು ನನಗೆ ಗೊತ್ತಿತ್ತು.

ನನ್ನ ರೋಗ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗೆ. ವೇಗ ಎಷ್ಟು ಬೇಕೋ ಅದಕ್ಕಿಂತ ಹೆಚ್ಚೇ ಇತ್ತು. ತಪ್ಪುಗಳೂ ಅಷ್ಟೇ ಇದ್ದವು. ನಾಲ್ಕು ಸಾಲಿಗೊಮ್ಮೆ ಎರಡು ಅಕ್ಷರದ ಕಡ್ಡಿಗಳು ಒಂದಕ್ಕೊಂದು ತೆಕ್ಕೆ ಬಿದ್ದು ನಿಲ್ಲುತ್ತಿದ್ದವು. ಅವನ್ನು ಬಿಡಿಸಿ ಮತ್ತೆ ಓಡುತ್ತಿದ್ದೆ.

"ಮಷೀನ್ ಏನ್ ನಿನ್ನ ಸವತಿ ಏನ್ ತಂಗಿ? ಹಂಗ್ಯಾಕ ಗುದ್ದತಿ?" ಎನ್ನುತ್ತಿದ್ದರು ಸರ್. ಇಡೀ ಬ್ಯಾಚು ನಗುತ್ತಿತ್ತು, ನಾನೂ ನಗುತ್ತಿದ್ದೆ.

ಹಾಡು ಹಾಕಿ ಟೈಪಿಂಗ್ ಕಲಿಸುವುದು ಸರ್ ಅವರ ಪದ್ಧತಿ. ಕೈಗೆ ಒಂದು ನಡಿಗೆ ಬರಲಿ ಅಂತ. ಆದರೆ ಯಾವ ಹಾಡು? ಸಿನಿಮಾ ಹಾಡು ಹಾಕಿದರೆ ಹುಡುಗಿಯರ ಬೆರಳು ಹಾಡಿನ ಮಾತಿನ ಹಿಂದೆ ಹೋಗಿ, ಸಾಹೇಬರಿಗೆ ಬರೆಯುವ ಅರ್ಜಿಯಲ್ಲಿ ಪ್ರೀತಿ ಪ್ರೇಮ ಬಂದುಬಿಡುತ್ತಿತ್ತು. ಬ್ಯಾಂಡಿನವರ ಕವಾಯತಿನ ಸಂಗೀತಕ್ಕೆ ಎಲ್ಲರೂ ಸಿಟ್ಟಿಗೆದ್ದವರಂತೆ ಬಡಿಯುತ್ತಿದ್ದರು. ಭಜನೆಯಂತೂ ಕೇಳಬೇಡಿ. ಶುರುವಿಗೆ ಛಂದ ಇರುತ್ತದೆ, ಕೊನೆಗೆ ಅದು ಏರುತ್ತ ಏರುತ್ತ ಹೋಗುತ್ತದಲ್ಲ, ಹದಿನಾಲ್ಕೂ ಮಷೀನಿನ ಕಡ್ಡಿಗಳು ಒಟ್ಟಿಗೆ ತೆಕ್ಕೆ ಬಿದ್ದವು! ಸರ್ ಟೇಪ್ ನಿಲ್ಲಿಸಿ, ಕಣ್ಣು ಮುಚ್ಚಿ, ದೇವರಲ್ಲಿ ತಪ್ಪೊಪ್ಪಿಕೊಂಡರು.

ರಿಬ್ಬನ್ನು, ಬಿಡಿಭಾಗ ತರಲು ಅವರು ಆಗಾಗ ರೈಲಿನಲ್ಲಿ ಹೈದರಾಬಾದಿಗೆ ಹೋಗುತ್ತಿದ್ದರು. ಒಂದು ಸಲ ಅಲ್ಲಿನ ಫುಟ್‌ಪಾತಿನ ಹಳೆಯ ಕ್ಯಾಸೆಟ್ ಮಾರುವವನಿಗೆ ತಮ್ಮ ಕಷ್ಟ ಹೇಳಿಕೊಂಡರಂತೆ. ಒಂದೇ ನಡಿಗೆ ಇರಬೇಕು, ಜಲ್ದಿ ಇರಬಾರದು, ಮಾತು ತಿಳಿಯಬಾರದು. ಅವನು ತಲೆ ಕೆರೆದುಕೊಂಡು, ಕವರಿಲ್ಲದ ಒಂದು ಕ್ಯಾಸೆಟ್ ಕೊಟ್ಟ. ಅದರ ಮೇಲೆ ಯಾರೋ ನೀಲಿ ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ ರೆಗ್ಗೆ ಎಂದಷ್ಟೇ ಬರೆದಿದ್ದರು. ಅದು ಒಂದು ಬಗೆಯ ಸಂಗೀತದ ಹೆಸರೆಂದು ನಮಗೆ ತಿಳಿದದ್ದು ಆಮೇಲೆ.

ಮರುದಿನ ಬೆಳಿಗ್ಗೆ ಆ ಹಾಡು ಶುರುವಾದಾಗ ನಮಗೆ ತಿಳಿಯಲೇ ಇಲ್ಲ. ಇದೇನು, ಅರೆನಿದ್ದೆಯಲ್ಲಿ ಬಾರಿಸುತ್ತಿದ್ದಾರಾ ಅನಿಸಿತು. ದಪ್ಪ ತಂತಿಯ ನಾದ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ನಿಧಾನಕ್ಕೆ ನಡೆಯುತ್ತಿತ್ತು. ಸರ್ ನನ್ನ ಹಿಂದೆ ಬಂದು ನಿಂತರು.

"ಪೆಟ್ಟು ಎಲ್ಲಿ ಬೀಳತದ ಕೇಳು ತಂಗಿ. ನೀ ಅಂದ್ಕೊಂಡಲ್ಲಿ ಬೀಳಂಗಿಲ್ಲ. ಅಲ್ಲಿ ಖಾಲಿ ಬಿಟ್ಟಾರ. ಆ ಖಾಲಿಗೆ ಹೆದರಬ್ಯಾಡ, ಅದೂ ಹಾಡs ಅದ."

ಅಷ್ಟು ಹೇಳಿ ಅಂಗೈಯನ್ನು ನನ್ನ ಮೇಜಿನ ಮೇಲೆ ಚಪ್ಪಟೆ ಇಟ್ಟು ಕಣ್ಣು ಮುಚ್ಚಿದರು. ಯಾರ ಕೈ ಓಡುತ್ತಿದೆ, ಯಾರದು ನಡೆಯುತ್ತಿದೆ ಎಂದು ಅವರು ಹಾಳೆ ನೋಡಿ ತಿಳಿಯುತ್ತಿರಲಿಲ್ಲ. ಮೇಜಿನ ಅದುರಿನಿಂದ ತಿಳಿಯುತ್ತಿದ್ದರು. ಹದಿನೈದು ದಿನದಲ್ಲಿ ನನ್ನ ತಪ್ಪುಗಳು ಅರ್ಧಕ್ಕಿಳಿದವು.

ಅಲ್ಲಿಂದ ಸರ್ ಅವರಿಗೆ ಆ ಸಂಗೀತದ ಹುಚ್ಚು ಹಿಡಿಯಿತು. ಪ್ರತಿ ಸಲ ಹೈದರಾಬಾದಿನಿಂದ ಎರಡು ಮೂರು ಕ್ಯಾಸೆಟ್ ಬರುತ್ತಿದ್ದವು. ಗಾಯಕರು ಯಾರು, ಹೆಸರೇನು ಎಂಬ ಗೊಡವೆ ಅವರಿಗಿರಲಿಲ್ಲ. ಟೈಪಿಂಗ್ ಪರೀಕ್ಷೆಯ ಮೂರು ದರ್ಜೆಗಳ ಹೆಸರಿನಲ್ಲೇ ಅವರದೊಂದು ಪರೀಕ್ಷೆ ಇತ್ತು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೆ ಕೈ ತಪ್ಪದೆ ನಡೆದರೆ ಅದು ಜೂನಿಯರ್. ನಮಗೆ ಗೊತ್ತಿಲ್ಲದೆ ಹಿಮ್ಮಡಿ ನೆಲ ತಟ್ಟತೊಡಗಿದರೆ ಸೀನಿಯರ್. ಕೈ ನಿಂತುಹೋಗಿ, ಟೈಪಿಂಗೇ ಮರೆತು ಕೇಳುತ್ತ ಕೂತುಬಿಟ್ಟರೆ ಪ್ರೊಫಿಷಿಯನ್ಸಿ. ಅಂಥವು ಕ್ಲಾಸಿಗೆ ಕೆಲಸಕ್ಕೆ ಬಾರದವು. ಅವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದರು. ಸಂಗೀತ ಬಲ್ಲವರು ಇದನ್ನು ಕೇಳಿ ನಗಬಹುದು. ಆದರೆ ಇಷ್ಟು ವರ್ಷ ಕೇಳುತ್ತ ಬಂದ ನನಗೆ ಇದಕ್ಕಿಂತ ನಂಬಿಗಸ್ತ ತಕ್ಕಡಿ ಸಿಕ್ಕಿಲ್ಲ.

ಪರೀಕ್ಷೆಗೆ ತಿಂಗಳಿರುವಾಗ ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಹಾಡುವವನ ದನಿ ಎಳೆದು, ದಪ್ಪಗಾಗಿ, ಸತ್ತಿತು. ಅದರ ಜೊತೆಗೆ ಹದಿನಾಲ್ಕು ಮಷೀನೂ ನಿಂತವು. ಯಾರೂ ನಿಲ್ಲಿ ಎಂದಿರಲಿಲ್ಲ. ಸರ್ ಮುಖ ಪೆಚ್ಚಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಡಿಲ್ಲದೆ ಒಂದು ಸಾಲೂ ನಡೆಯದ ಕೈಗಳನ್ನು ತಾವು ತಯಾರು ಮಾಡಿದ್ದೇವೆ, ಪರೀಕ್ಷೆಯ ಹಾಲಿನಲ್ಲಿ ಟೇಪ್ ಯಾರು ಹಾಕುತ್ತಾರೆ ಎಂಬುದು ಅವರಿಗೆ ಆ ಕ್ಷಣಕ್ಕೆ ಹೊಳೆದಿತ್ತು. ಮೂರನೆಯ ಸಲವೂ ಹೋಯಿತು ಅಂದುಕೊಂಡೆ.

ಸರ್ ನಿಧಾನಕ್ಕೆ ಬಂದು ನನ್ನ ಮೇಜಿನ ಮೇಲೆ ಅಂಗೈ ಇಟ್ಟರು. "ಕರೆಂಟ್ ಹೋಗ್ಯಾದ. ಹಾಡ ಎಲ್ಲಿ ಹೋಗ್ಯಾದ? ನಡೀಲಿ."

ಅಂದಿನಿಂದ ಅದೇ ಪಾಠವಾಯಿತು. ಕರೆಂಟ್ ತೆಗೆಯುವ ವಿಷಯದಲ್ಲಿ ಯಾದಗಿರಿಯವರು ಯಾವತ್ತೂ ಕೈ ಬಿಗಿ ಹಿಡಿದವರಲ್ಲ, ದಿನಕ್ಕೊಮ್ಮೆಯಾದರೂ ಹೋಗುತ್ತಿತ್ತು. ಹೋಗದ ದಿನ ಸರ್ ತಾವೇ ನಡುವೆ ಟೇಪ್ ನಿಲ್ಲಿಸುತ್ತಿದ್ದರು. ಮೊದಮೊದಲು ನಾಲ್ಕೇ ಸಾಲಿಗೆ ನನ್ನ ಕೈ ಮತ್ತೆ ಓಟಕ್ಕೆ ಬೀಳುತ್ತಿತ್ತು. ಆಮೇಲಾಮೇಲೆ ಒಂದು ಪುಟ ನಡೆಯಿತು.

ಪರೀಕ್ಷೆ ಕಲಬುರಗಿಯಲ್ಲಿ, ಮಷೀನು ನಾವೇ ಒಯ್ಯಬೇಕಿತ್ತು. ಮಷೀನುಗಳನ್ನು ಗೋಣಿಚೀಲದಲ್ಲಿ ಸುತ್ತಿ, ಟೆಂಪೋದಲ್ಲಿ ಹೇರಿಸಿ, ಸರ್ ಅವುಗಳ ಜೊತೆಗೇ ನಿಂತು ಬಂದಿದ್ದರು. ಸೀಟಿ ಊದಿದ ತಕ್ಷಣ ಇಡೀ ಹಾಲಿನಲ್ಲಿ ತಗಡಿನ ಮೇಲೆ ಆಣೆಕಲ್ಲು ಬಿದ್ದಂತೆ ಗದ್ದಲವೆದ್ದಿತು. ನನ್ನ ಕೈ ಓಡಿತು. ಮೊದಲ ಸಾಲಿನಲ್ಲೇ ಎರಡು ಕಡ್ಡಿ ತೆಕ್ಕೆ ಬಿದ್ದವು. ಬಿಡಿಸುವಾಗ ಬೆರಳಿಗೆ ಮಸಿ ಹತ್ತಿತು, ಕಣ್ಣಿಗೆ ನೀರು ಬಂತು. ಅಪ್ಪನ ಸ್ಟೂಲು ಕಣ್ಣ ಮುಂದೆ ಬಂತು. ಮುಂಚಿನ ನಾನಾಗಿದ್ದರೆ ಹೋದ ಹೊತ್ತನ್ನು ಹಿಡಿಯಲು ಇನ್ನೂ ಜೋರಾಗಿ ಓಡುತ್ತಿದ್ದೆ. ಅವತ್ತು ಕೈ ಎತ್ತಿ ಒಂದು ಪೆಟ್ಟಿನಷ್ಟು ಸುಮ್ಮನೆ ಕೂತೆ. ಹಿಮ್ಮಡಿ ನೆಲಕ್ಕೆ ತಟ್ಟಿತು. ಎಲ್ಲಿತ್ತೋ ಏನೋ, ಆ ದಪ್ಪ ತಂತಿ ಹೊಟ್ಟೆಯೊಳಗಿಂದ ನಡೆಯತೊಡಗಿತು… ಆಮೇಲೆ ಪಕ್ಕದವರ ಮಷೀನು ನನಗೆ ಕೇಳಲಿಲ್ಲ. ಸಾಲು ಮುಗಿದಾಗ ನನ್ನ ಮಷೀನಿನ ಗಂಟೆ ಮಾತ್ರ ಕೇಳುತ್ತಿತ್ತು. ಆ ಗಂಟೆಯನ್ನು ಬಾರಿಸುತ್ತಿದ್ದವಳು ನಾನೇ.

ಪಾಸಾದೆ. ಸುರಪುರದ ಕಚೇರಿಯಲ್ಲಿ ಟೈಪಿಸ್ಟ್ ಎಂದು ಆರ್ಡರು ಬಂತು. ಪೇಡೆ ಹಿಡಿದುಕೊಂಡು ಹೋದರೆ ಸರ್ ಬೀರು ತೆಗೆದು ಒಂದು ಕ್ಯಾಸೆಟ್ ಕೈಗಿಟ್ಟರು. ಪ್ರೊಫಿಷಿಯನ್ಸಿ! ಪಕ್ಕದ ಮನೆಯ ಟೇಪ್ ರೆಕಾರ್ಡರ್ ತಂದು ಹಾಕಿದೆ. ಅವ್ವ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಅರ್ಧ ಹಾಡಿಗೆ ಅವಳ ಕೈ ಮೊರದಲ್ಲೇ ನಿಂತಿತು.

"ಯಾವೂರವ್ರs ಇವ್ರು?"

"ದೂರದ ದ್ವೀಪದವ್ರಂತ. ಕಬ್ಬು ಕಡ್ಯೋರ ಮಕ್ಕಳು, ಮೊಮ್ಮಕ್ಕಳಂತ. ಸರ್ ಹೇಳಿದ್ರು."

"ಅದಕ್ಕs ಮತ್ತ. ಕಳೆ ತಗಿಯಾಗ ಹಿಂಗs ನಡೀಬೇಕು. ಮುಂಜಾನೆ ಓಡಿದಾಕಿ ಮಧ್ಯಾಹ್ನಕ್ಕ ಕುಂತುಬಿಡ್ತಾಳ" ಅಂದಳು ಅವ್ವ. ನಾನು ಎರಡು ಸಲ ಫೇಲಾಗಿ ಕಲಿತದ್ದು ಅವ್ವನಿಗೆ ಹೊಲದಲ್ಲಿ ಮೊದಲೇ ಗೊತ್ತಿತ್ತು.

ವರ್ಷಗಳು ಹೋದವು. ಕಂಪ್ಯೂಟರ್ ಬಂತು, ಸರ್ ಕ್ಲಾಸು ಮುಚ್ಚಿತು. ಒಂದು ದಿನ ಸುರಪುರದ ನಮ್ಮ ಕಚೇರಿಯ ಕಿಟಕಿಯ ಹೊರಗೆ ಪಾಳಿಯಲ್ಲಿ ಬಿಳಿ ಅಂಗಿಯ ಒಬ್ಬ ಮುದುಕರು ನಿಂತಿದ್ದರು. ಪಹಣಿಯಲ್ಲಿ ಹೆಸರು ತಪ್ಪಾಗಿದೆ ಎಂದು ಬಂದಿದ್ದರು. ನೋಡಿದರೆ ನಮ್ಮ ಸರ್! ಓಡಿಹೋಗಿ ಕೈ ಹಿಡಿದು ಒಳಗೆ ಕರೆತಂದು ಕುರ್ಚಿ ಹಾಕಿದೆ. ಕಿವಿ ಪೂರಾ ಮಂದವಾಗಿತ್ತು. ನಾನು ಅವರ ಅರ್ಜಿ ಟೈಪು ಮಾಡತೊಡಗಿದೆ. ಅವರು ಅಂಗೈಯನ್ನು ನನ್ನ ಮೇಜಿನ ಮೇಲೆ ಚಪ್ಪಟೆ ಇಟ್ಟು ಕಣ್ಣು ಮುಚ್ಚಿದರು.

"ಗಡಿಬಿಡಿ ಇಲ್ಲ… ಛಲೋ ನಡದದ ತಂಗಿ" ಅಂದರು.

ಆಗ ಹೇಳಬೇಕಿತ್ತು. ಸರ್, ನೀವಿಲ್ಲದಿದ್ದರೆ ಈ ಕುರ್ಚಿ ನನ್ನದಾಗುತ್ತಿರಲಿಲ್ಲ ಅಂತ. ಆದರೆ ಕಿವಿ ಕೇಳದವರಿಗೆ ಕೂಗಿ ಹೇಳಬೇಕು, ಕಚೇರಿಯ ತುಂಬ ಜನ… ನನಗೆ ಸಂಕೋಚವಾಯಿತು. ಮನೆಗೇ ಹೋಗಿ ಸಮಾಧಾನದಿಂದ ಹೇಳಿದರಾಯಿತು ಅಂದುಕೊಂಡೆ. ಜೀವನದಲ್ಲಿ ಅವಸರ ಮಾಡಬೇಕಾಗಿದ್ದ ಒಂದೇ ಒಂದು ಕೆಲಸದಲ್ಲಿ ನಾನು ನಿಧಾನ ಮಾಡಿದೆ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ತಿಂಗಳ ಮೇಲಾಗಿತ್ತು.

ಅವರು ಕೊಟ್ಟ ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾಯಿತು. ಅದರಲ್ಲಿದ್ದ ಹಾಡು ಯಾರದೆಂದು ಹುಡುಕಲು ಫೋನಿನಲ್ಲಿ ಒಂದೊಂದೇ ಆಲ್ಬಮ್ ಕೇಳುತ್ತ ಹೋದೆ. ಅದು ಇನ್ನೂ ಸಿಕ್ಕಿಲ್ಲ. ಆದರೆ ಅದನ್ನು ಹುಡುಕುವಾಗ ಎಷ್ಟು ಸಿಕ್ಕವು! ಮೂವರು ಒಂದೇ ಉಸಿರಿನಲ್ಲಿ ಹಾಡುವ ಹಳೆಯವು ಸಿಕ್ಕವು. ಹಾಡನ್ನೇ ತೆಗೆದುಹಾಕಿ ತಂತಿ, ಡ್ರಮ್ಮು, ನಡುವಿನ ಖಾಲಿಯನ್ನಷ್ಟೇ ಉಳಿಸಿದ ಆಲ್ಬಮ್ಮುಗಳೂ ಇವೆ, ಗೊತ್ತೇ? ಮೊದಲ ಸಲ ಕೇಳಿದಾಗ ಸಾರಿಗೆ ಒಗ್ಗರಣೆ ಕೊಡಲು ಕೂತವಳು ಎಣ್ಣೆ ಸೀಯುವವರೆಗೆ ಕೂತೇ ಇದ್ದೆ. ಸರ್ ಇದ್ದಿದ್ದರೆ ಬೀರುವಿಗೆ ಬೀಗ ಹಾಕುತ್ತಿದ್ದರು.

ನಿನ್ನೆ ರಿಪೋರ್ಟ್ ತರಲು ಹೋದೆ. ಸಕ್ಕರೆ ತುಸು ಏರಿದೆ. ಆ ಹೆಣ್ಣುಮಗಳು ಮರೆತಿರಲಿಲ್ಲ. "ಹಾಡು ಹೇಳ್ತೀನಿ ಅಂದಿದ್ರಿ?" ಅಂದಳು. ಹೇಳಿದೆ. ಫೋನಿನಲ್ಲಿ ರೆಗ್ಗೆ ಎಂದು ಹುಡುಕಿ ನೋಡಿ, "ಅಬಾ, ಎಷ್ಟ್ ಅದಾವ್ರಿ ಆಂಟಿ! ಮೊದಲು ಯಾವುದು ಕೇಳ್ಲಿ?" ಅಂದಳು.

"ಜೂನಿಯರ್‌ದಿಂದ ಶುರು ಮಾಡವ್ವ" ಎಂದು ಒಂದನ್ನು ತೋರಿಸಿದೆ. ಅವಳು ಫೋನನ್ನು ಮೇಜಿನ ಮೇಲಿಟ್ಟು ಹಚ್ಚಿ, ಮುಂದಿನವರ ಕೈಗೆ ಸ್ಪಿರಿಟ್ ಒರೆಸಲು ತಿರುಗಿದಳು. ನಾನು ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಕಣ್ಣು ಮುಚ್ಚಿದೆ. ಮೇಜು ಸಣ್ಣಗೆ ಅದುರುತ್ತಿತ್ತು. ಸರ್ ಇಲ್ಲ. ನಡೀಲಿ ಅನ್ನಬೇಕಾದವಳು ಈಗ ನಾನೇ. "ನಡೀಲಿ" ಅಂದೆ.