ಪಾಯಪ್ಪಣ್ಣನ ಫಿಯಾಟು ಮತ್ತು ಮುಳುಗುವ ಹೊತ್ತು

ಪಾಯಪ್ಪಣ್ಣ ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ಸಂಜೆ ನಿಪ್ಪಾಣಿಯ ತಂಬಾಕು ತುಂಬಿಡುವ ವಖಾರದಿಂದ ಹೊರಗೆ ಬಂದವರೇ ಪಡುವಣಕ್ಕೆ ಮುಖ ಮಾಡಿ ನಿಂತು, ಕೈ ಉದ್ದಕ್ಕೆ ಚಾಚಿ, ಸೂರ್ಯನ ಕೆಳಗೆ ಬೆರಳು ಅಡ್ಡ ಹಿಡಿಯುತ್ತಿದ್ದರು. ಸೂರ್ಯನಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಹಿಡಿಸಿದರೆ ಇನ್ನೊಂದು ತಾಸು ಹೊತ್ತಿದೆ ಎಂದು ಅರ್ಥ. ಮೂರಾದರೆ ಮುಕ್ಕಾಲು ತಾಸು. ಅಳತೆ ಮುಗಿದ ಕೂಡಲೇ ಓಡಿಹೋಗಿ ಕಾರು ಹತ್ತುತ್ತಿದ್ದರು. ಐವತ್ತೈದು ದಾಟಿದ, ಹೊಟ್ಟೆ ಬಂದ, ಬಿಳಿ ಟೋಪಿಯ ಮನುಷ್ಯ ಹಾಗೆ ಓಡುವುದನ್ನು ಕಂಡು ವಖಾರದಲ್ಲಿ ದುಡಿಯುವ ಹೆಣ್ಣುಮಕ್ಕಳು ದಿನಾ ನಗುತ್ತಿದ್ದರು.

ಅವರು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳನ್ನು ಸಾಂಗಲಿಗೆ ಕೊಟ್ಟಿದ್ದರು. ಕರೋಶಿಯ ಮನೆಯಲ್ಲಿ ಅವರು ಮತ್ತು ಎಂಬತ್ತರ ಅವ್ವ. ಆ ಮುದುಕಿಗೆ ಒಂದು ಹಟವಿತ್ತು. ಸಂಜೆ ಮಗ ಮನೆಗೆ ಬಂದು ತಾಟಿನ ಮುಂದೆ ಕೂತ ಮೇಲೆಯೇ ತಾನು ತುತ್ತು ಎತ್ತಬೇಕು. ಮಗ ಹೊತ್ತು ಮುಳುಗಿಸಿಕೊಂಡು ಬಂದರೆ ಇಬ್ಬರೂ ಉಪವಾಸ. ವಖಾರದ ತೂಕ ಮುಗಿಯುವುದು ಐದಕ್ಕೆ. ಪಾಯಪ್ಪಣ್ಣನ ಸಹಿ ಇಲ್ಲದೆ ಒಂದು ಚೀಲವೂ ಹೊರಗೆ ಹೋಗುವಂತಿರಲಿಲ್ಲ. ಚಳಿಗಾಲದಲ್ಲಿ ಆರಕ್ಕೆಲ್ಲ ಸೂರ್ಯ ಹೋಗಿಬಿಡುತ್ತಾನೆ.

ಚಿಕ್ಕೋಡಿಯ ನನ್ನ ಗ್ಯಾರೇಜಿಗೆ ಅವರು ಮೊದಲ ಸಲ ಬಂದದ್ದು ತಂದೆಯ ಕಾಲದ ಫಿಯಾಟು ತೆಗೆದುಕೊಂಡು. ಕಡ್ಡಿಪೆಟ್ಟಿಗೆಯ ಹಾಗೆ ಚೌಕ ಕಾರು, ತಿಳಿ ನೀಲಿ ಬಣ್ಣ, ಹಿಂದಿನ ಕಿಟಕಿಗಳಿಗೆ ಅವ್ವ ಕೈಯಿಂದ ಹೊಲಿದ ಪರದೆ. ನಾನು ಬಾನೆಟ್ ಎತ್ತಿ, ಏನಾಗಿದೆ ಎಂದು ಕೇಳಿದೆ.

"ಏನೂ ಆಗಿಲ್ಲ. ನನಗ ಹದಿನೈದು ಮಿನಿಟು ಬೇಕು."

"ಕುಂದರ್ರಿ ಅಣ್ಣಾರ, ಚಾ ಹೇಳ್ತೇನಿ."

"ಲೇ, ಕುಂದ್ರಾಕ ಅಲ್ಲೋ. ನಿಪ್ಪಾಣಿಯಿಂದ ಮನಿಗಿ ಬರೂದ್ರಾಗ ಹದಿನೈದು ಮಿನಿಟು ಉಳಸಬೇಕು. ಈ ಎಂಜಿನ್ ತಗದು ದೊಡ್ಡದ ಇಡಾಕ ಬರತೈತೇನು?"

ಬರುತ್ತದೆ ಎಂದೆ. ಆಗ ನನಗೆ ಗೊತ್ತಿದ್ದದ್ದು ಕೈಕೆಲಸ ಮಾತ್ರ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮರುದಿನ ಅವರು ಒಂದು ದಪ್ಪ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಎಂಜಿನ್ನಿನ ಚಿತ್ರ, ಅಳತೆ ಎಲ್ಲ ಅದರಲ್ಲಿತ್ತು, ಎಲ್ಲ ಇಂಗ್ಲಿಷಿನಲ್ಲಿ. ನಾನು ಚಿತ್ರ ನೋಡುತ್ತ ಪುಟ ತಿರುವಿದ್ದನ್ನು ಕಂಡು, "ಓದಾಕ ಬರಾಂಗಿಲ್ಲ ಅಂದ್ರ ನನ್ನ ಗಾಡಿ ಮುಟ್ಟಬ್ಯಾಡ ಮಲ್ಲಪ್ಪಾ" ಎಂದುಬಿಟ್ಟರು. ಸಿಟ್ಟು ಬಂತು. ಆದರೂ ಪ್ರತಿ ಭಾನುವಾರ ಅವರೇ ಬಂದು ಗ್ಯಾರೇಜಿನ ಬಾಕಿನ ಮೇಲೆ ಕೂತು ಒಂದೊಂದು ಸಾಲು ಓದಿಸಿದರು. ಆ ಕಾರಣದಿಂದಲೇ ನಾನು ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಹತ್ತನೆಯ ಪರೀಕ್ಷೆಗೆ ಕಟ್ಟಿ ಪಾಸಾದೆ. ಆ ಋಣ ಇರುವುದರಿಂದಲೇ ಮುಂದೆ ಅವರ ಮೇಲೆ ಸಿಟ್ಟು ಬಂದಾಗಲೆಲ್ಲ ನುಂಗಿಕೊಂಡೆ. ಬಹಳ ನುಂಗಿದೆ.

ಕೊಲ್ಹಾಪುರದ ಗುಜರಿಯಿಂದ ಜಿಪ್ಸಿ ಜೀಪಿನ ಎಂಜಿನ್ನು, ಅದರದೇ ಐದು ಗೇರಿನ ಗೇರ್‌ಬಾಕ್ಸು ತಂದೆವು. ಸ್ಟೇರಿಂಗಿನ ಪಕ್ಕದಲ್ಲಿದ್ದ ಗೇರು ನೆಲಕ್ಕೆ ಬಂತು. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಬಂತು. ಕಾಗದಪತ್ರಗಳಲ್ಲಿ ಹೊಸ ಎಂಜಿನ್ನಿನ ನಂಬರು ಏರಿಸುವ ತನಕ ಅವರು ಕಾರು ರಸ್ತೆಗೆ ಇಳಿಸಲಿಲ್ಲ. ಹೊರಗಿನಿಂದ ಅದೇ ಹಳೆ ಫಿಯಾಟು, ಅದೇ ಪರದೆ. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಬೆನ್ನು ಸೀಟಿಗೆ ಅಂಟುತ್ತಿತ್ತು. ಸುದ್ದಿ ಹರಡಿ, ಹಳೆ ಕಾರುಗಳನ್ನು ಹೀಗೇ ಬಿಚ್ಚಿ ಕಟ್ಟುವ ಹುಡುಗರು ನಿಪ್ಪಾಣಿ, ಅಥಣಿಯಿಂದೆಲ್ಲ ನೋಡಲು ಬರತೊಡಗಿದರು.

"ಎಷ್ಟ ಹೋಗತೈತ್ರಿ ಕಾಕಾ?" ಎಂದು ಒಬ್ಬ ಕೇಳಿದ.

"ಮನಿತನಕ" ಎಂದರು ಪಾಯಪ್ಪಣ್ಣ.

ಅಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಕಾರು ಚೆನ್ನಾಗಿ ಓಡತೊಡಗಿದ ತಿಂಗಳಿಗೇ ಮತ್ತೆ ಬಂದು ನಿಂತರು. "ಮಲ್ಲಪ್ಪಾ, ಎಂಜಿನ್ ಹೆಡ್ಡು ಲೇತಿಗಿ ಹಾಕಿ ಸ್ವಲ್ಪ ತಾಸಿ ತೆಳ್ಳಗ ಮಾಡಿದ್ರ ಇನ್ನೊಂದ ಮೂರ ಮಿನಿಟು ಉಳಿತೈತಿ." ಕಾರು ಬಿಚ್ಚಿದೆವು. ಹದಿನೈದು ದಿನ ಗ್ಯಾರೇಜಿನಲ್ಲಿತ್ತು. ಆ ಹದಿನೈದೂ ದಿನ ಅವರು ಬಸ್ಸಿನಲ್ಲಿ ಬಂದರು. ಬಸ್ಸು ಮುಟ್ಟುವಷ್ಟರಲ್ಲಿ ಕತ್ತಲು. ಅವರೂ ಉಪವಾಸ, ಅವ್ವನೂ ಉಪವಾಸ. ಮೂರು ಮಿನಿಟು ಉಳಿಸಲು ಹದಿನೈದು ಊಟ ಕಳೆದರು! ಮುಂದೆ ಎರಡು ಕಾರ್ಬೋರೇಟರ್ ಎಂದರು, ಮತ್ತೆ ಹತ್ತು ದಿನ. ಸೈಲೆನ್ಸರ್ ಪೈಪು ದೊಡ್ಡದು ಎಂದರು, ಮತ್ತೆ ಒಂದು ವಾರ. ಅವ್ವನ ಸಲುವಾಗಿ ಎಂದು ಅವರು ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಬಾನೆಟ್ ಎತ್ತಿದಾಗ ಅವರ ಕಣ್ಣು ಹೊಳೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಅದು ಅವ್ವನ ಸಲುವಾಗಿ ಹೊಳೆದದ್ದಲ್ಲ.

ಕಾರು ಕಟ್ಟಿದ ಮೇಲಾದರೂ ಸುಖವಿತ್ತೇ? ಇಲ್ಲ. ಕಬ್ಬಿನ ಹಂಗಾಮು ಸುರುವಾದರೆ ನಮ್ಮ ರಸ್ತೆ ಯಾರದೂ ಅಲ್ಲ, ಟ್ರ್ಯಾಕ್ಟರುಗಳದು. ಒಂದು ಸಂಜೆ ಹೊಸ ಕಾರ್ಬೋರೇಟರ್ ಹೇಗೆ ನಡೆಯುತ್ತದೆ ನೋಡಲೆಂದು ನಾನೂ ನಿಪ್ಪಾಣಿಯಿಂದ ಅವರ ಜೊತೆ ಬಂದೆ. ಊರು ದಾಟಿ ಎರಡು ಸಲ ಒತ್ತಿದರು ಅಷ್ಟೇ, ಮುಂದೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರು ಗೋಡೆಯಂತೆ ಅಡ್ಡವಾಗಿ ತೆವಳುತ್ತಿತ್ತು. ಡ್ರೈವರ ದೊಡ್ಡ ದನಿಯಲ್ಲಿ ಹಾಡು ಹಚ್ಚಿದ್ದ, ಹಾರ್ನ್ ಅವನಿಗೆ ಕೇಳಿಸಲೇ ಇಲ್ಲ. ಪಾಯಪ್ಪಣ್ಣನ ಕಣ್ಣು ಹಿಂದಿನದನ್ನು ತೋರಿಸುವ ಕನ್ನಡಿಯಲ್ಲಿತ್ತು. ಅದರ ತುಂಬ ಕೆಂಪು ಸೂರ್ಯ. ಕೊನೆಗೆ ತಡೆಯಲಾರದೆ ನನ್ನ ಕೈಗೆ ಸ್ಟೇರಿಂಗ್ ಕೊಟ್ಟು ಇಳಿದು ಓಡಿದರು. ನಡೆದರೂ ಮುಟ್ಟಬಹುದಾದ ವೇಗ ಅದು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಬಡಿದರು.

"ಯಾಕ್ರಿ ಕಾಕಾ, ಕಬ್ಬ ಬೇಕೇನು?" ಎಂದ ಡ್ರೈವರ.

"ದಾರಿ ಬೇಕೋ ತಮ್ಮಾ!"

"ದಾರಿ ನನಗೂ ಬೇಕಲ್ರಿ. ಬದಿಗಿ ಇಳಿಸಿದ್ರ ಪಲ್ಟಿ ಆಗತೈತಿ. ಫ್ಯಾಕ್ಟರಿ ತನಕ ಹಿಂದ ಬರ್ರಿ, ನಿಮ್ಮ ಗಾಡೀನೂ ಪಾಳಿಗಿ ಹಚ್ಚೂಣು."

ನಾವು ಕರೋಶಿ ಮುಟ್ಟಿದಾಗ ಬೀದಿದೀಪ ಹತ್ತಿದ್ದವು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾರಿನ ಗುಡುಗಿಗೆ ಓಣಿಯ ನಾಯಿಗಳೆಲ್ಲ ಎದ್ದವು. "ಬಂತು ನೋಡ್ರಿ ವಿಮಾನ" ಎಂದಳು. "ಊರ ಮಂದಿ ಎಲ್ಲಾ ಹೇಳಾಕತ್ಯಾರ, ನಿನ್ನ ಗಾಡಿ ಭಾಳ ಓಡತೈತಂತ. ನಮ್ಮ ಮನಿಗಷ್ಟ ಯಾಕ ಬರಾಂಗಿಲ್ಲೋ ಪಾಯಾ?" ಒಳಗೆ ಎರಡು ತಾಟುಗಳನ್ನು ಬೋರಲು ಹಾಕಿದ್ದು ನನಗೆ ಕಾಣಿಸಿತು.

ಮುಂದಿನ ಚಳಿಗಾಲದಲ್ಲಿ, ಕಾರು ಮತ್ತೊಮ್ಮೆ ನನ್ನ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿದ್ದಾಗ, ಅವ್ವ ಮನೆಯ ಹೊಸ್ತಿಲಲ್ಲಿ ತಲೆ ತಿರುಗಿ ಬಿದ್ದಳು. ಸಕ್ಕರೆ ರೋಗ. ಗುಳಿಗೆ ನುಂಗಿ ಉಪವಾಸ ಕೂತಿದ್ದಳು. ನೋಡಲು ಹೋದೆ. ಸುಮ್ಮನಿರಲಾಗದೆ ಆಕೆಯನ್ನೇ ಕೇಳಿಬಿಟ್ಟೆ.

"ಆಯಿ, ಹೊತ್ತಿದ್ದಾಗ ನೀವರೆ ಉಣಬಾರದೇನ್ರಿ?"

"ನಾ ಉಂಡಬಿಟ್ರ ಅಂವಾ ಅಲ್ಲೆ ಇಲ್ಲೆ ನಿಂತ ಬರತಾನ. ಅವ್ವ ಹಸದಾಳ ಅಂದ್ರ ನೆಟ್ಟಗ ಮನಿಗಿ ಬರತಾನ" ಎಂದಳು.

ಅವ್ವ ಹಸಿದಿದ್ದಾಳೆಂದು ಮಗ ಕಾರು ಬಿಚ್ಚುವುದು, ಮಗ ಬರಲೆಂದು ಅವ್ವ ಹಸಿಯುವುದು. ಇವರ ನಡುವೆ ಸಿಕ್ಕ ನಾನು ಸ್ಪ್ಯಾನರ್ ಹಿಡಿದುಕೊಂಡು ನಿಂತವನು. ಗ್ಯಾರೇಜಿಗೆ ಬಂದ ಪಾಯಪ್ಪಣ್ಣನ ಮೇಲೆ ಆ ದಿನ ಬಾಯಿ ಮಾಡಿದೆ.

"ಅಣ್ಣಾರ, ನಾಕ ವರ್ಷ ಆತು. ಒಂದ ಡಬ್ಬಿ ಕಟಗೊಂಡ ಹೋಗಿ ವಖಾರದಾಗ ಐದಕ್ಕ ಉಂಡು, ಅವ್ವಗ ಫೋನ್ ಹಚ್ಚಿ ಉಣ್ಣಂತ ಹೇಳಿದ್ರ ಮುಗೀತಿತ್ತು. ನಿಮಗ ಬೇಕಾಗಿದ್ದು ಊಟ ಅಲ್ಲ, ಈ ಗಾಡಿ!"

ಅವರು ಬಾಕಿನ ಮೇಲೆ ಕೂತು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಫೋನಿನ್ಯಾಗ ಹೇಳಿ ನೋಡೇನೋ. ಉಂಡೇನಿ ಅಂತಾಳ. ಬಂದ ನೋಡಿದ್ರ ರೊಟ್ಟಿ ಹಂಗ ಇರತಾವ." ಆಮೇಲೆ ಮೆಲ್ಲಗೆ, "ಗಾಡೀನೂ ಬೇಕಾಗಿತ್ತು, ಸುಳ್ಳ ಯಾಕ ಹೇಳ್ಲಿ. ಇದೊಂದ ಸಲ ಕಟ್ಟಿಬಿಡು ಮಲ್ಲಪ್ಪಾ. ಮತ್ತ ಬಿಚ್ಚು ಅನ್ನಾಂಗಿಲ್ಲ" ಎಂದರು.

ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಮೂರನೆಯ ದಿನ ಬೆಳಿಗ್ಗೆ ನಿಪ್ಪಾಣಿಯಲ್ಲಿ ಬಸ್ಸಿನಿಂದ ಇಳಿದು ವಖಾರಕ್ಕೆ ನಡೆಯುವಾಗ ಎದೆ ಹಿಡಿದುಕೊಂಡು ಕೂತರಂತೆ. ದವಾಖಾನೆಗೆ ಒಯ್ಯುವುದರೊಳಗೆ ಮುಗಿದಿತ್ತು. ಸುದ್ದಿ ಬಂದಾಗ ಅವರ ಎಂಜಿನ್ನಿನ ಹೆಡ್ಡು ನನ್ನ ಮೇಜಿನ ಮೇಲಿತ್ತು.

ನಾನೇ ಹೋದೆ. ಕಾಗದಪತ್ರ ಮುಗಿದು ಅಂಬ್ಯುಲೆನ್ಸ್ ಸಿಗುವಷ್ಟರಲ್ಲಿ ಐದು ಹೊಡೆಯಿತು. ಸಾಂಗಲಿಯಿಂದ ಬಂದಿದ್ದ ಮಗಳು ಕರೋಶಿಯಿಂದ ಫೋನ್ ಮಾಡಿ ಅತ್ತಳು. ಹೊತ್ತು ಮುಳುಗಿದರೆ ಬೆಂಕಿ ಕೊಡುವಂತಿಲ್ಲ, ಎಲ್ಲ ಸಿದ್ಧಮಾಡಿ ಕಾಯುತ್ತಿದ್ದಾರೆ, ಬೇಗ ಬರ್ರಿ ಎಂದಳು. ನಾನು ಡ್ರೈವರನ ಪಕ್ಕದಲ್ಲಿ ಕೂತೆ. ಎದುರಿಗೆ ಕಬ್ಬಿನ ಟ್ರೇಲರುಗಳು ಸಾಲಾಗಿ ನಿಂತಿದ್ದವು. ಆಯಿತು, ಇವತ್ತೂ ತಡ ಎಂದುಕೊಂಡೆ.

ಡ್ರೈವರ ಸೈರನ್ ಹಚ್ಚಿದ. ಕೊನೆಯ ಟ್ರ್ಯಾಕ್ಟರು ಬದಿಗೆ ಸರಿಯಿತು. ಅದರ ಮುಂದಿನದೂ ಸರಿಯಿತು. ಒಬ್ಬ ಹುಡುಗ ಹಾಡು ನಿಲ್ಲಿಸಿ, ಒಂದು ಗಾಲಿ ತಗ್ಗಿಗೆ ಇಳಿಸಿಯೇ ಬಿಟ್ಟ. ಟ್ರೇಲರು ವಾಲಿ ಕಬ್ಬಿನ ಸೂಡುಗಳು ನೆಲಕ್ಕೆ ಜಾರಿದವು. ಅವನು ತಲೆಯ ವಸ್ತ್ರ ತೆಗೆದು ಕೈ ಮುಗಿದು ನಿಂತ. ಒಬ್ಬನೂ ತಡೆಯಲಿಲ್ಲ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಒದರಬೇಕೆನಿಸಿತು. ಇಷ್ಟು ದಾರಿ ಇತ್ತಲ್ಲ, ಇಷ್ಟು ದಿನ ಎಲ್ಲಿ ಇಟ್ಟಿದ್ದಿರಿ?

ಕರೋಶಿ ಮುಟ್ಟಿದಾಗ ಮನೆಗಳ ಮಾಳಿಗೆಯ ಮೇಲೆ ಇನ್ನೂ ಬಿಸಿಲಿತ್ತು. ಓಣಿಯ ತುಂಬ ಮಂದಿ. ಅವ್ವನನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ಅಂಬ್ಯುಲೆನ್ಸಿನ ಬಾಗಿಲು ತೆರೆದರು. ಆಕೆ ಮೊದಲು ಪಡುವಣದ ಕಡೆ ನೋಡಿದಳು. ಆಮೇಲೆ ಮಗನ ಹಣೆಯ ಮೇಲೆ ಕೈ ಇಟ್ಟಳು.

"ಇವತ್ತ ಹೊತ್ತ ಇರೂದ್ರಾಗ ಬಂದೀಪಾ" ಎಂದಳು.