ನಾಗಪುರದ ಬುತ್ತಿ

ನಮ್ಮ ಅತ್ತೆ ಗುರುಲಿಂಗಮ್ಮ ತಾನು ಹುಟ್ಟಿದ ವಾರವನ್ನೂ ನಂಬಿದವಳಲ್ಲ. ‘ಸೋಮವಾರ ಅಂತ ನಮ್ಮವ್ವ ಹೇಳತಿದ್ಲು. ನಾ ಏನ್ ನೋಡೀನೇನು?’ ಎನ್ನುತ್ತಿದ್ದಳು. ಮಸ್ಕಿಯ ಗುಡ್ಡದ ಬುಡದಲ್ಲಿ ಸರಕಾರದವರು ಹಳೆಯ ಕಾಲದ ಗಡಿಗೆ ಮಡಕೆ ಹುಡುಕುತ್ತ ಅಗೆಯಲು ಬಂದರೆ, ‘ಒಡದ ಗಡಿಗಿ ಸಲುವಾಗಿ ಯಾರರ ಡೇರೆ ಹಾಕ್ತಾರೇನು? ಬಂಗಾರ ಹುಡುಕಾಕತ್ತಾರ’ ಎಂದಳು. ತುಂಗಭದ್ರೆಯ ನೀರು ಕಾಲುವೆಯಲ್ಲಿ ಸಿಂಧನೂರಿನ ತನಕ ಬರುತ್ತದಂತೆ ಎಂದರೆ, ‘ಬರ್ಲಿ, ಬಂದ ಮ್ಯಾಲ ಕೈ ತೊಳಕೊಂತೀನಿ’ ಎಂದಳು. ನಾನು ಬಳಗಾನೂರಿನಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಹಾಲು ಉಕ್ಕಿತು ಎಂದು ಕೂಗಿಕೊಂಡರೂ ಆಕೆ ಎದ್ದು ಬಂದು ಒಲೆ ನೋಡಿದ ಮೇಲೆಯೇ ಬಯ್ಯಲು ಶುರು ಮಾಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲು ಹಾಗಿರಲಿಲ್ಲವಂತೆ. ರಜಾಕಾರರ ಗದ್ದಲದ ವರ್ಷ, ಊರು ಕಾಯುತ್ತೇವೆ ಎಂದು ಹೇಳಿಕೊಂಡು ಕೆಲವರು ಮನೆಮನೆಗೆ ಚಂದಾ ಎತ್ತಲು ಬಂದರು. ಎಲ್ಲಿಯವರೋ ಅಲ್ಲ, ನಮ್ಮವರೇ, ಹಣೆ ತುಂಬ ವಿಭೂತಿ ಇದ್ದವರೇ. ಮಾವ ಆದೆಪ್ಪನವರು ನಂಬಿ, ಅತ್ತೆಯ ಕೊರಳಿನ ಬಂಗಾರದ ಸರವನ್ನೇ ಬಿಚ್ಚಿಸಿ ಕೊಟ್ಟರು. ಗದ್ದಲ ಊರಿಗೆ ಬಂದ ದಿನ ಕಾಯುವವರ ಪತ್ತೆಯೇ ಇಲ್ಲ. ಉಂಡೂ ಹೋದರು, ಕೊಂಡೂ ಹೋದರು. ಮಾವ ಆ ನಾಚಿಕೆಗೆ ಮಂದಿಯ ಮುಖ ನೋಡುವುದನ್ನೇ ಬಿಟ್ಟರು. ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ತೀರಿಕೊಂಡರು. ಅಂದಿನಿಂದ ನಮ್ಮ ಬಾಗಿಲಲ್ಲಿ ಯಾರಾದರೂ ಚಂದಾ ಎಂದರೆ ಅತ್ತೆಯ ಕೈ ಕಸಬರಿಗೆಯ ಕಡೆಗೇ ಹೋಗುತ್ತಿತ್ತು.

ಇಂಥ ಮನೆಗೆ, ಐವತ್ತನಾಲ್ಕರ ಸುಗ್ಗಿ ಮುಗಿದ ಮೇಲೆ, ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದ ನಮ್ಮೂರ ಹುಡುಗರು ಜೋಳಿಗೆ ಹಿಡಿದು ಬಂದರು. ಮುಂದೆ ಅರಿವೆ ಅಂಗಡಿಯವರ ಮಗ ಅಮರಗುಂಡಪ್ಪ. ಎಣ್ಣೆ ಹಚ್ಚಿ ಬಾಚಿದ ಕೂದಲು, ಬೆಲ್ಲದಂಥ ಮಾತು. ಅವರ ವಿದ್ಯಾರ್ಥಿ ಸಂಘಕ್ಕೆ ಅವನೇ ಮುಖಂಡ. ಉಳಿದ ಹುಡುಗರು ಅವನ ಬೆನ್ನಿಗೆ ನಿಂತಿದ್ದರು. ಅವರಿಂದ ಅಷ್ಟು ದೂರದಲ್ಲಿ, ಬೇವಿನ ಗಿಡದ ಬುಡಕ್ಕೆ, ಅವರ ಜೋಡಿಯೇ ಓದುತ್ತಿದ್ದ, ಊರ ಹೊರಗಿನ ಕೇರಿಯ ಪಕೀರಪ್ಪ ಏಕತಾರಿ ಹಿಡಿದು ನಿಂತಿದ್ದ.

‘ಅವ್ವಾರ, ನಾಗಪುರದಾಗ ಇಡೀ ದೇಶದ ವಿದ್ಯಾರ್ಥಿಗಳ ಸಮ್ಮೇಳನ ಐತ್ರಿ. ನಮ್ಮ ಸಂಘದವ್ರು ಹೋಗಬೇಕಂತ ಮಾಡೀವಿ. ರೈಲಿನ ಖರ್ಚಿಗೆ ನಿಮ್ಮ ಕೈಲಾದಷ್ಟು ಜ್ವಾಳ ಹಾಕ್ರಿ’ ಎಂದ ಅಮರಗುಂಡಪ್ಪ.

‘ದೇಶದ ಹುಡುಗರೆಲ್ಲಾ ಅಲ್ಲಿ ಕೂಡಿ ಏನ್ ಮಾಡ್ತಾರಲೇ?’

‘ಮಾತಾಡ್ತಾರ್ರಿ.’

‘ಮಾತಾಡಾಕ ನಾಗಪುರಕ್ಕ ಯಾಕ ಹೋಗಬೇಕು? ಇಲ್ಲೇ ಕಟ್ಟಿ ಮ್ಯಾಲ ಕುಂತು ಮಾತಾಡ್ರಿ. ಖರ್ಚೂ ಇಲ್ಲ, ಕಾಲೂ ನೋಯಂಗಿಲ್ಲ.’

‘ಹಂಗಲ್ರೀ ಅವ್ವಾರ. ನಾವೆಲ್ಲಾ ಒಂದ ಅಂತ ತೋರ್ಸಾಕ.’

‘ಒಂದ ಅನ್ನೋರನ್ನ ನಾ ಭಾಳ ನೋಡೀನಪ್ಪಾ. ನನ್ನ ಕೊಳ್ಳಾಗಿನ ಸರ ಒಯ್ದವ್ರೂ ಹಂಗ ಅಂದಿದ್ರು. ನಡೀರಿ, ನಡೀರಿ.’

ಹುಡುಗರ ಮುಖ ಇಳಿಯಿತು. ಅಮರಗುಂಡಪ್ಪ ಹಿಂದೆ ತಿರುಗಿ ಗಿಡದ ಕಡೆ ಕೈ ಮಾಡಿದ. ಪಕೀರಪ್ಪ ತಂತಿ ಮೀಟಿ ಒಂದು ತತ್ವಪದ ಎತ್ತಿಕೊಂಡ. ಅಬ್ಬಾ, ಎಂಥ ಕಂಠ! ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಕೈಯೇ ನಿಂತಿತು. ಅದು ನಮ್ಮ ಮಾವ ಭಜನೆಯಲ್ಲಿ ಹಾಡುತ್ತಿದ್ದ ಪದವಂತೆ, ನನಗೆ ಆಮೇಲೆ ತಿಳಿಯಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಹಾಡು ಮುಗಿಯುವ ತನಕ ನಿಂತಳು. ಆಮೇಲೆ ಒಳಗೆ ಬಂದು ಮೊರದ ತುಂಬ ಜೋಳ ತುಂಬಿಕೊಂಡು ಹೋಗಿ ಜೋಳಿಗೆಗೆ ಸುರಿದಳು.

‘ಇದು ಚಂದಾ ಅಲ್ಲ ಮತ್ತ. ಹಾಡಿಗೆ ಕೊಟ್ಟೀನಿ. ಹೋಗಿ ಬಂದ ಮ್ಯಾಲ ಎಲ್ಲಾರೂ ನನ್ನ ಮನೀಗೆ ಬಂದು, ಏನೇನು ನೋಡಿದ್ರಿ ಅಂತ ಹೇಳಬೇಕು. ಇಲ್ಲಂದ್ರ ನೀವು ನಾಗಪುರಕ್ಕ ಹೋದಿರೋ, ರಾಯಚೂರಾಗ ಸಿನಿಮಾ ನೋಡ್ಕೊಂತ ಕುಂತಿರೋ, ನನಗ ಹ್ಯಾಂಗ ಗೊತ್ತಾಗಬೇಕು?’

ಗುರುಲಿಂಗಮ್ಮ ಕೊಟ್ಟಳಂತೆ ಎಂಬ ಸುದ್ದಿ ಊರ ತುಂಬ ಹರಿದಾಡಿತು. ಅಲ್ಲಿಯ ತನಕ ‘ಈ ಹುಡುಗ್ರು ಕೆಂಪು ಬಾವುಟದವ್ರು’, ‘ಅಲ್ಲಲ್ಲ, ವೋಟಿನವ್ರು’ ಎಂದು ಬಾಗಿಲು ಮುಚ್ಚಿಕೊಂಡಿದ್ದವರೆಲ್ಲ ಜೋಳ ಹಿಡಿದು ಹೊರಗೆ ಬಂದರು. ಆಕೆಯೇ ಕೊಟ್ಟ ಮೇಲೆ ಅದರಲ್ಲಿ ಮೋಸ ಇರಲಿಕ್ಕಿಲ್ಲ ಎಂದು ಅವರ ಲೆಕ್ಕ. ಹುಡುಗರು ಓಣಿ ಓಣಿ ತಿರುಗಿದರು. ಪ್ರತಿ ಓಣಿಯಲ್ಲೂ ಪಕೀರಪ್ಪ ಹಾಡಿದ. ಚೀಲ ತುಂಬಿದವು. ಸಿಂಧನೂರಿನ ಬಜಾರಿಗೆ ಒಯ್ದು ಮಾರುವ ತನಕ ಅವನ್ನು ಎಲ್ಲಿಡುವುದು ಎಂಬ ಮಾತು ಬಂದಾಗ ಒಬ್ಬರಿಗೊಬ್ಬರ ಮೇಲೆ ಅನುಮಾನ. ಕೊನೆಗೆ ನಮ್ಮ ಪಡಸಾಲೆಗೇ ತಂದು ಒಟ್ಟಿದರು. ಯಾರನ್ನೂ ನಂಬದ ಹೆಂಗಸನ್ನು ಇಡೀ ಊರು ನಂಬುತ್ತಿತ್ತು, ನೋಡಿರಿ ತಮಾಷೆ.

ಚೀಲ ಬಂದ ಮೇಲೆ ಅತ್ತೆಯ ಅನುಮಾನಕ್ಕೆ ಕೆಲಸ ಸಿಕ್ಕಿತು.

‘ಶೇಖರಮ್ಮಾ, ಹೋಗೋರ ಮನ್ಯಾಗ ಬುತ್ತಿ ಸುರು ಆಗೇತೇನು?’ ಎಂದಳು ಒಂದು ಮುಂಜಾನೆ.

‘ನನಗೇನ್ ಗೊತ್ತು ಅತ್ತಿ?’

‘ಅಷ್ಟು ದೂರದ ಊರಿಗೆ ಹೋಗೋರ ಮನ್ಯಾಗ ಎಳ್ಳು ಹುರದ ವಾಸನಿ ಬರಬೇಕು. ಬಾಯಿಲೆ ಯಾರರ ಸುಳ್ಳು ಹೇಳಬಹುದು, ಒಲಿ ಹೇಳಂಗಿಲ್ಲ. ನಡಿ, ನೋಡ್ಕೊಂಡು ಬರೂಣು.’

ನಮ್ಮ ಕಡೆ ದೂರದ ಪ್ರಯಾಣ ಎಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ತೆಳ್ಳಗೆ ತಟ್ಟಿ, ಬೇಯಿಸಿ, ಗರಿಗರಿಯಾಗಿ ಕಟುಕಾಗುವ ತನಕ ಒಣಗಿಸಬೇಕು. ಅದರ ಜೋಡಿಗೆ ಶೇಂಗಾ ಚಟ್ನಿ. ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಅಮರಗುಂಡಪ್ಪನ ಓಣಿಯ ಮೂಲೆಗೆ ಬರುವಷ್ಟರಲ್ಲಿ ಎಳ್ಳಿನ ಘಮ ಮೂಗಿಗೆ ಬಡಿಯಿತು. ಇನ್ನೊಬ್ಬ ಹುಡುಗನ ಮನೆಯಲ್ಲಿ ಚಟ್ನಿ ಕುಟ್ಟುವ ಸಪ್ಪಳ. ಮತ್ತೊಬ್ಬನ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ರೊಟ್ಟಿ ಒಣಗಲು ಹಾಕಿದ್ದರು. ಇಷ್ಟು ಸಾಕು, ಮನೆಗೆ ಹೋಗೋಣ ಎಂದರೆ ಅತ್ತೆ ಊರ ಹೊರಗಿನ ದಾರಿ ಹಿಡಿದಳು. ಕೇರಿಯ ಕಡೆ ಆಕೆ ಎಂದೂ ಹೆಜ್ಜೆ ಇಟ್ಟವಳಲ್ಲ. ಅಂದೂ ಒಳಗೆ ಹೋಗಲಿಲ್ಲ, ಹುಣಸೆ ಮರದ ನೆರಳಿಗೆ ನಿಂತುಕೊಂಡಳು. ಪಕೀರಪ್ಪನ ತಾಯಿ ಗದ್ದೆಮ್ಮ ಕುಳ್ಳು ತಟ್ಟುತ್ತಿದ್ದವಳು ನಮ್ಮನ್ನು ನೋಡಿ ಗಾಬರಿಯಾಗಿ ಎದ್ದಳು.

‘ಮಗನ ಬುತ್ತಿ ಆತೇನಬೇ?’ ಎಂದಳು ಅತ್ತೆ.

‘ಯಾವ ಬುತ್ತೀರೀ ಅವ್ವಾರ?’

‘ನಾಗಪುರದ್ದು.’

ಗದ್ದೆಮ್ಮ ಸೆಗಣಿ ಕೈ ನೋಡಿಕೊಂಡಳು. ‘ಅಂವ ಹೊಂಟಿಲ್ರೀ. ಹಾಡಾಕಷ್ಟ ಕರ್ದಿದ್ರು. ಹೋಗೋರು ಬ್ಯಾರೆದವ್ರು. ರೈಲು ಒಂದ್ಸಲನೂ ನೋಡಿಲ್ಲಂತ ಭಾಳ ಆಸೆ ಇಟ್ಕೊಂಡಿದ್ದ. ಮೊನ್ನಿಂದ ಸರಿಯಾಗಿ ಉಂಡಿಲ್ಲ.’

ಮನೆಗೆ ಬಂದವಳೇ ಅತ್ತೆ ಪಡಸಾಲೆಯ ಚೀಲಗಳನ್ನು ಒಂದೊಂದಾಗಿ ಎಣಿಸಿದಳು. ಆಕೆ ಎಣಿಸತೊಡಗಿದರೆ ನನಗೆ ಅಂಜಿಕೆ.

ಮರುದಿನ ಹುಡುಗರು ಬಂಡಿ ಕಟ್ಟಿಕೊಂಡು ಚೀಲ ಒಯ್ಯಲು ಬಂದರೆ ಅತ್ತೆ ಚೀಲದ ಮೇಲೆ ಹತ್ತಿ ಕುಳಿತಿದ್ದಳು.

‘ಪಕೀರಪ್ಪ ಯಾಕ ಹೊಂಟಿಲ್ಲ?’

‘ಖರ್ಚಿಗೆ ಸಾಲಂಗಿಲ್ರೀ ಅವ್ವಾರ’ ಎಂದ ಅಮರಗುಂಡಪ್ಪ.

‘ಹಂಗಾರ ನೀ ಉಳಿ, ಅಂವ ಹೋಗ್ಲಿ.’

ಅಮರಗುಂಡಪ್ಪ ಬಂಡಿಯ ಗಾಲಿ ನೋಡಿದ, ಎತ್ತು ನೋಡಿದ. ಕಡೆಗೆ ಬಾಯಿಬಿಟ್ಟ. ‘ಅಲ್ಲಿ ಎಲ್ಲಾರ್ನೂ ಒಂದ ಸಾಲಿನ್ಯಾಗ ಕುಂದರಿಸಿ ಊಟಕ್ಕ ಹಾಕ್ತಾರಂತ್ರೀ. ಅಂವ ಬರೂದಾದ್ರ ನಿನ್ನ ಕಳಸಂಗಿಲ್ಲ ಅಂತ ನಮ್ಮಪ್ಪ ಹಟ ಹಿಡದಾನ.’

‘ಹೌದ? ಅವನ ಹಾಡು ಬೇಕು, ಅಂವ ಬ್ಯಾಡ. ಹೊಳಿ ದಾಟಿದ ಮ್ಯಾಲ ಅಂಬಿಗ್ಯಾಕ ಅಂದಂಗಾತು. ಕೇಳಿಲ್ಲಿ, ನಾ ಜ್ವಾಳ ಕೊಟ್ಟಿದ್ದು ನಿನ್ನ ಬಾಚಿದ ತಲಿ ನೋಡಿ ಅಲ್ಲ. ಹಾಡಿದಂವ ಹೋಗಂಗಿಲ್ಲಂದ್ರ ಈ ಚೀಲ ಹೊಸ್ತಿಲ ದಾಟಂಗಿಲ್ಲ. ಕೊಟ್ಟೋರು ಬಂದು ಅವರವರ ಜ್ವಾಳ ಒಯ್ಯಿರಿ ಅಂತ ಊರಾಗ ಡಂಗುರ ಹೊಡಸ್ತೀನಿ.’

ಅತ್ತೆಗೆ ಪಕೀರಪ್ಪನ ಮೇಲೆ ಮರುಕ ಉಕ್ಕಿತು ಎಂದು ತಿಳಿಯಬೇಡಿ. ಕೇರಿಯವರು ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುವವಳೇ ಆಕೆ. ಚಂದಾದ ಹೆಸರಿನಲ್ಲಿ ಇನ್ನೊಮ್ಮೆ ತನಗೆ ಟೋಪಿ ಹಾಕಿದರಲ್ಲ ಎಂದು ಆಕೆಗೆ ಬೆಂಕಿ ಹತ್ತಿತ್ತು. ಖರ್ಚಿಗೆ ಕಡಿಮೆ ಬೀಳುವುದು ನಿಜವೇ ಇದ್ದರೆ ತುಂಬಿಕೊಳ್ಳಿರಿ ಎಂದು ನೆಲದೊಳಗಿನ ಹಗೇವಿನ ಬಾಯಿಯನ್ನೇ ತೆಗೆಸಿದಳು. ಆ ಹಗೇವಿನ ಜೋಳವನ್ನು ಆಕೆ ನನ್ನ ಕೈಗೂ ಬಿಟ್ಟವಳಲ್ಲ.

ಅಮರಗುಂಡಪ್ಪನ ಮನೆಯಲ್ಲಿ ದೊಡ್ಡ ರಂಪವೇ ಆಯಿತಂತೆ. ಡಂಗುರದ ಮಾತು ಕೇಳಿದ ಮೇಲೆ ಅಂಗಡಿಯ ಹೆಸರು ಕೆಟ್ಟೀತೆಂದು ಅವರಪ್ಪ ತಣ್ಣಗಾದ. ಸಂಜೆ ಪಕೀರಪ್ಪ ನಮ್ಮ ಮೆಟ್ಟಿಲ ಕೆಳಗೆ ಬಂದು ನಿಂತ.

‘ಹೋಗ್ತೀನ್ರೀ ಅವ್ವಾರ. ಆದ್ರ ಅಲ್ಲಿ ಹಾಡಂಗಿಲ್ಲ. ಅವರಂಗ ನಾನೂ ಮಾತಾಡ್ತೀನಿ.’

‘ಮಾತಾಡು. ಏನ್ ಮಾತಾಡಿದಿ ಅಂತ ಬಂದು ಹೇಳು. ನಾ ಕೇಳೂತನಕ ನಂಬಂಗಿಲ್ಲ.’

ಗದ್ದೆಮ್ಮನ ಮನೆಯಲ್ಲಿ ಎಳ್ಳಿಗೆ ಎಲ್ಲಿ ಗತಿ? ಬುತ್ತಿ ನಾನೇ ಮಾಡಿದೆ. ಹೊರಡುವ ದಿನ ಅವನು ಟವೆಲ್ ಹರವಿ ಹಿಡಿದ. ಅತ್ತೆ ಮೇಲಿನ ಮೆಟ್ಟಿಲಿನಲ್ಲಿ ನಿಂತು, ಎಂದಿನಂತೆ ಕೈ ತಾಗದ ಹಾಗೆ, ಗಂಟನ್ನು ಮೇಲಿನಿಂದ ಬಿಟ್ಟಳು. ಒಳಗೆ ರೊಟ್ಟಿ ಲಟಲಟ ಮುರಿದ ಸಪ್ಪಳ ನನಗೆ ಕೇಳಿಸಿತು. ಅವನಿಗೂ ಕೇಳಿಸಿತು. ಕೈ ಮುಗಿದು ಹೋದ.

ಬೇಸಿಗೆ ರಜೆಯಲ್ಲಿ ಹೋದವರು ಮಳೆಗಾಲ ಹಿಡಿಯುವ ಮೊದಲು ತಿರುಗಿ ಬಂದರು. ಕೊಟ್ಟ ಮಾತಿನಂತೆ ಎಲ್ಲರೂ ನಮ್ಮ ಮನೆಗೆ ಬಂದರು. ಮೂವರು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತರು. ಪಕೀರಪ್ಪ ಮೆಟ್ಟಿಲ ಕೆಳಗೆ, ಹೋಗುವಾಗ ನಿಂತಿದ್ದ ಜಾಗದಲ್ಲೇ ನಿಂತ. ಅತ್ತೆ ಫೌಜದಾರನ ಹಾಗೆ ವಿಚಾರಣೆಗೆ ಕುಳಿತಳು. ರೈಲು ಎಲ್ಲೆಲ್ಲಿ ನಿಂತಿತು, ಯಾರು ಏನು ಅಂದರು, ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿ ತಾಳೆ ಹಾಕಿದಳು. ಆಮೇಲೆ ಅಂಗಳದ ಕಡೆ ತಿರುಗಿದಳು.

‘ನೀ ಏನ್ ಮಾತಾಡಿದೆಪಾ?’

‘ನಮ್ಮ ಹೈಸ್ಕೂಲ್ ಬಾವಿ ವಿಷಯ ಮಾತಾಡ್ದೆ ರೀ. ಎಲ್ಲಾರೂ ನೀರು ಸೇದ್ತಾರ, ನಾ ಯಾರರ ಹಾಕೂತನಕ ಕಾದು ನಿಂದರ್ತೀನಿ ಅಂತ. ಸಾಲ್ಯಾಗ ಕಲ್ತ ಉರ್ದುದಾಗ ಹೇಳ್ದೆ. ಮಂದಿ ಸುಮ್ಮನ ಕುಂತು ಕೇಳಿದ್ರು.’

‘ಮತ್ತ ಊಟ?’

‘ಒಂದ ಸಾಲಿನ್ಯಾಗ ರೀ.’

‘ಸುಳ್ಳು.’

‘ಖರೇನ ರೀ ಅವ್ವಾರ’ ಎಂದ ಅಮರಗುಂಡಪ್ಪ, ತಲೆ ತಗ್ಗಿಸಿಕೊಂಡೇ. ‘ನನ್ನ ಬಾಜೂಕ ಕುಂತಿದ್ದ. ಮೊದಲ್ನೇ ದಿನ ನನಗ ತುತ್ತು ಇಳೀಲಿಲ್ಲ. ಆಮ್ಯಾಲ ಇಳೀತು. ನಮ್ಮಪ್ಪನ ಮುಂದ ಹೇಳಬ್ಯಾಡ್ರಿ.’

ಅತ್ತೆ ಇಬ್ಬರ ಮುಖವನ್ನೂ ನೋಡಿದಳು. ‘ಬುತ್ತಿ ಹ್ಯಾಂಗಿತ್ತೋ?’ ಎಂದು ಪಕೀರಪ್ಪನನ್ನು ಕೇಳಿದಳು.

‘ಚಲೋ ಇತ್ರಿ. ರೊಟ್ಟಿ ಮುರದಿದ್ವು.’

ಅಷ್ಟೇ ಅಂದ, ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕುಳಿತಳು. ನನಗೆ ಕುತ್ತಿಗೆಯ ತನಕ ನಾಚಿಕೆಯಾಯಿತು.

‘ನಾ ನಂಬಂಗಿಲ್ಲ’ ಎಂದಳು ಕಡೆಗೆ. ‘ಒಂದ ಸಾಲಿನ್ಯಾಗ ಹ್ಯಾಂಗ ಕುಂತಿದ್ರಿ, ಕುಂತು ತೋರ್ಸ್ರಿ. ಶೇಖರಮ್ಮಾ, ತಾಟು ತಗೊಂಡು ಬಾ, ನಾಲ್ಕೂ.’

ಪಕೀರಪ್ಪ ಮೆಟ್ಟಿಲು ನೋಡಿದ. ‘ಬರೇ ತೋರ್ಸಾಕೇನ್ರೀ ಅವ್ವಾರ?’ ಎಂದು ಕೇಳಿದ.

ಅತ್ತೆ ಎದ್ದು, ತಂಬಿಗೆಯಲ್ಲಿ ನೀರು ತಂದು, ಮೆಟ್ಟಿಲು ಇಳಿದು ಅವನ ಕೈಗೇ ಕೊಟ್ಟಳು. ‘ಕಾಲು ತೊಳಕೊಂಡು ಮ್ಯಾಲ ಬಾ. ರೊಟ್ಟಿ ಆರತಾವ.’

ಅವನು ಬಂದು ಅಮರಗುಂಡಪ್ಪನ ಬಾಜೂಕೆ ಕುಳಿತ. ಅತ್ತೆ ನನ್ನ ಕೈಯಿಂದ ರೊಟ್ಟಿಯ ಬುಟ್ಟಿ ಕಸಿದುಕೊಂಡು ತಾನೇ ಬಡಿಸಿದಳು. ಪಕೀರಪ್ಪನ ಮುಂದೆ ಬಂದಾಗ ಬಾಗಿ, ಎರಡೂ ಕೈಯಲ್ಲಿ ಹಿಡಿದು, ರೊಟ್ಟಿಯನ್ನು ತಾಟಿಗೆ ತಾಗಿಸಿ ಇಟ್ಟಳು. ಅದು ಮುರಿಯಲಿಲ್ಲ.

ಮರುದಿನ ಮುಂಜಾನೆ ಎದುರು ಮನೆಯ ಕಸ್ತೂರೆಮ್ಮ ಏದುಸಿರು ಬಿಡುತ್ತ ಓಡಿ ಬಂದಳು. ‘ಏನ್ ಗುರುಲಿಂಗವ್ವಾ, ಊರಾಗ ಏನೇನೋ ಮಾತಾಡಾಕತ್ತಾರ. ಕೇರಿ ಹುಡುಗನ್ನ ಒಳಗ ಕುಂದರಿಸಿ ಉಣ್ಣಾಕ ಹಾಕಿದ್ಯಂತ. ನಾ ನಂಬಲಿಲ್ಲವಾ. ಸುಳ್ಳ ಹೌದಲ್ಲೋ?’

ಅತ್ತೆ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತದೆಯೇ ಅಂದಳು:

‘ಚಲೋ ಮಾಡ್ದಿ, ಮಂದಿ ಮಾತು ನಂಬಬಾರದು. ಸೋಮವಾರ ಅಂವ ಮತ್ತ ಬರತಾನ. ಊಟದ ಹೊತ್ತಿಗೆ ಬಂದು ನೀನ ನೋಡು.’