ಹಡಗೂರಿನ ಚಾಚಾ

ಹೋದ ವಾರ ವಿದ್ಯಾನಗರದಲ್ಲಿ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಬಾಟಲಿ ಬಗ್ಗಿಸಿದ. ಚುರ್ರೆಂದು ಎದ್ದ ಹುಳಿ ಹಬೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಮಾಸ್ಕು ಹುಡುಕಿಕೊಂಡು ಗಲ್ಲದ ಹತ್ತಿರ ಹೋಯಿತು. ಡಯಾಲಿಸಿಸ್ ಕೋಣೆಯಲ್ಲಿ ರಕ್ತ ಸೋಸುವ ಫಿಲ್ಟರುಗಳನ್ನು ತೊಳೆದಿಡುವ ದ್ರಾವಣಕ್ಕೂ ಇದೇ ವಾಸನೆ. ಆ ಕೆಲಸ ಬಿಟ್ಟು ಒಂಬತ್ತು ವರ್ಷವಾಯಿತು. ಆದರೂ ಪ್ಲೇಟು ಕೈಗೆ ಬಂದಾಗ ತಿನ್ನಲಾಗಲಿಲ್ಲ. ಕಿಟಕಿ ಪಕ್ಕದ ನಾಲ್ಕನೇ ಬೆಡ್ಡು, ಅದರ ಮೇಲೆ ಕಾಲು ಚಾಚಿ ಕೂತ ಚಾಚಾ...

ಆಗ ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಆಗಿದ್ದೆ. ನರ್ಸ್ ಅಲ್ಲದಿದ್ದರೂ ಪೇಷಂಟುಗಳಿಗೆ ನಾವೆಲ್ಲ ಸಿಸ್ಟರ್‌ಗಳೇ. ಚಾಚಾ ಹರಿಹರದಿಂದ ಬರುತ್ತಿದ್ದರು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ತಾಸು. ಅರವತ್ತು ದಾಟಿದ ಮನುಷ್ಯ, ಮೊದಲು ಒಂದು ಕಾರ್ಖಾನೆಯ ಫೌಂಡ್ರಿಯಲ್ಲಿ ಮರದ ಅಚ್ಚು ಮಾಡುವ ಮೇಸ್ತ್ರಿಯಾಗಿದ್ದವರು. ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಅದು ಬಿಟ್ಟ ಗುಳಿಗೆ ಕಾದ ಕಬ್ಬಿಣ ಸುರಿಯುತ್ತಾರೆ ಅಂತ ನನಗೆ ತಿಳಿದದ್ದೇ ಅವರಿಂದ. ಸೂಜಿ ಚುಚ್ಚುವಾಗ ಮುಖ ಆ ಕಡೆ ತಿರುಗಿಸುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಾ, "ಹ್ಞಾಂ, ಈಗ ನೆಟ್ಟಗ ಕೂತಿತು" ಎಂದು ಶಹಬ್ಬಾಸ್ ಕೊಡುತ್ತಿದ್ದರು.

ಐದನೇ ಬೆಡ್ಡಿಗೆ ಭಾನುವಳ್ಳಿಯ ಒಬ್ಬ ಹುಡುಗಿ ಬರತೊಡಗಿದಳು. ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟಿದ್ದಳು. ಜೊತೆಗೆ ಅವಳ ತಾಯಿ. ಮೊದಲ ತಿಂಗಳು ಆ ಹುಡುಗಿ ಯಾರ ಜೊತೆಗೂ ಮಾತಾಡಲಿಲ್ಲ. ವೇಲು ಮುಖದ ಮೇಲೆ ಎಳೆದುಕೊಂಡು ಮಲಗಿಬಿಡುತ್ತಿದ್ದಳು. ಒಂದು ದಿನ ಅವಳ ಬಿಪಿ ಇಳಿದು, ಕಾಲಿನ ಮೀನಖಂಡ ಸೆಟೆದುಕೊಂಡು, ಕಿರುಚತೊಡಗಿದಳು. ನಾನು ಸಲೈನ್ ಬಿಟ್ಟು ಅವಳ ಪಾದ ಒತ್ತಿ ಹಿಡಿದಿದ್ದೆ. ಪಕ್ಕದ ಬೆಡ್ಡಿನಿಂದ ಚಾಚಾ, ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಕೇಳಿದರು.

"ಬೇಟಿ, ಹಡಗೂರು ನೋಡೀಯಾ?"

"ನಮ್ಮ ತಾಲೂಕಿನಾಗೆ ಹಂಗೊಂದು ಊರಿಲ್ಲ," ಅಂದಳು ಹಲ್ಲು ಕಚ್ಚಿಕೊಂಡು.

"ತಾಲೂಕಿನಾಗೆ ಎಲ್ಲೈತೆ? ಭೂಮಿ ಮ್ಯಾಲೇ ಇಲ್ಲ ಅದು. ಬ್ಯಾರೆ ಗ್ರಹ. ಇಡೀ ಗ್ರಹದಾಗೆ ಹಡಗು ಕಟ್ಟೋದೊಂದೇ ಕೆಲಸ."

"ಸಮುದ್ರ ಐತಾ?"

"ಹನಿ ನೀರಿಲ್ಲ. ಬರೀ ಮರಳು. ಹಡಗು ಹೋಗಾದು ಆಕಾಶಕ್ಕೆ."

ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದ ಹುಡುಗಿ ಅವಳು. "ನೀರಿಲ್ಲದ ಊರಾದ್ರೆ ನಂಗೆ ಸರಿ ಐತೆ ಬಿಡ್ರಿ" ಅಂದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಹಡಗೂರು ಬೆಳೆಯುತ್ತಾ ಹೋಯಿತು. ಅಲ್ಲಿ ಎರಡು ಜಾತಿಯ ಜೀವಿಗಳಿದ್ದವು. ಒಂದು, ಗಟ್ಟಿಯೋರು. ಕಲ್ಲಿನಂಥ ಚಿಪ್ಪು, ಆರು ಕೈ, ಸಾವಿರಾರು ವರ್ಷದ ಆಯಸ್ಸು. ಹಡಗು ಕಟ್ಟುವವರು ಅವರೇ, ಆದರೆ ಮೈ ಎಷ್ಟು ಭಾರವೆಂದರೆ ಹಡಗು ಹತ್ತುವಂತಿಲ್ಲ. ಇನ್ನೊಂದು, ತೆಳ್ಳನೋರು. ಮಲ್ ಬಟ್ಟೆಯ ಹಾಗೆ ಹಗುರ, ಗಾಳಿ ಬಂದರೆ ತೇಲುವವರು. ಹಡಗು ನಡೆಸುವುದು ಅವರಿಗೆ ಮಾತ್ರ ಬರುತ್ತಿತ್ತು, ಆದರೆ ಅವರು ಬದುಕುತ್ತಿದ್ದದ್ದು ಒಂದೇ ಒಂದು ಋತು. ಹಡಗು ಶುರುವಾಗುವ ಮೊದಲು ಒಬ್ಬ ತೆಳ್ಳನೋನು ಬಂದು ಮರಳಿನ ಮೇಲೆ ಮಲಗಿ ಎದ್ದು ಹೋಗುತ್ತಿದ್ದ. ಅವನ ಮೈ ಬಿಟ್ಟ ಗುಳಿಗೆ ಗಟ್ಟಿಯೋರು ಲೋಹ ಸುರಿದು ಹಡಗಿನ ಒಂದು ಪಕ್ಕೆಲುಬು ಮಾಡುತ್ತಿದ್ದರು. ಆಮೇಲೆ ಇನ್ನೊಬ್ಬ, ಮತ್ತೊಬ್ಬ... ಹಡಗು ಮುಗಿಯುವ ಹೊತ್ತಿಗೆ ಅಳತೆ ಕೊಟ್ಟವರು ಯಾರೂ ಇರುತ್ತಿರಲಿಲ್ಲ.

"ಹಡಗು ಮ್ಯಾಲೆ ಏಳುವಾಗ ಒಳಗಿಂದ ಒಂಥರಾ ಸದ್ದು ಬರ್ತೈತಿ," ಎನ್ನುತ್ತಿದ್ದರು ಚಾಚಾ. "ಹತ್ತಿ ಕೂತೋರು ಮಾಡೋ ಸದ್ದಲ್ಲ ಅದು."

ಕೋಣೆಯ ಹತ್ತೂ ಮಷೀನುಗಳ ಪಂಪುಗಳು ಆ ಹೊತ್ತಿಗೆ ತಿರುಗುತ್ತಲೇ ಇರುತ್ತಿದ್ದವು. ಬೇರೆ ಪೇಷಂಟುಗಳೂ ಮೊಬೈಲು ಬದಿಗಿಟ್ಟು ಕೇಳುತ್ತಿದ್ದರು. ನಾನೂ ಚಾರ್ಟು ಬರೆಯುವುದನ್ನು ಬಿಟ್ಟು ನಿಲ್ಲುತ್ತಿದ್ದೆ.

ಹುಡುಗಿ ಸುಮ್ಮನೆ ಕೇಳುವವಳಲ್ಲ, ತಪ್ಪು ಹುಡುಕುತ್ತಿದ್ದಳು. ಸಾವಿರ ವರ್ಷ ಬದುಕುವವರು ಒಂದು ಮಾತಾಡುವುದಕ್ಕೇ ಒಂದು ತಿಂಗಳು ತಗೊಂಡರೆ ತೆಳ್ಳನೋರಿಗೆ ಅದು ತಿಳಿಯುವುದು ಹೆಂಗೆ ಎಂದು ಕೇಳಿದಳು. ಮುಂದಿನ ಪಾಳಿಗೆ ಅವಳೇ ಮೂರನೇ ಜಾತಿಯನ್ನು ತಂದಳು. ನಡುವಿನೋರು. ಹಡಗಿನ ಸಂದುಗಳಲ್ಲಿ ವಾಸ. ಗಟ್ಟಿಯೋರ ಮಾತನ್ನು ಅಕ್ಷರ ಅಕ್ಷರವಾಗಿ ಕೂಡಿಸಿಟ್ಟುಕೊಂಡು ತೆಳ್ಳನೋರ ಕಿವಿಗೆ ಮುಟ್ಟಿಸುವ ಸಣ್ಣ ಸಣ್ಣ ಜೀವಿಗಳು. "ನಮ್ಮ ಸಿಸ್ಟರ್ ಇದ್ದಂಗೆ" ಎಂದಳು. ಚಾಚಾ ಆ ದಿನವೆಲ್ಲ ಖುಷಿಯಾಗಿದ್ದರು.

ಹೀಗೆ ಐದಾರು ತಿಂಗಳು ನಡೆಯಿತು. ಆಮೇಲೊಂದು ದಿನ ಏಳನೇ ಬೆಡ್ಡಿನ ರಿಟೈರ್ಡ್ ಕಂಡಕ್ಟರು ಬರಲಿಲ್ಲ. ಮರುವಾರ ಆ ಬೆಡ್ಡಿಗೆ ಬೇರೆಯವರು ಬಂದರು. ನಾವು ಪೇಷಂಟುಗಳಿಗೆ ಏನೂ ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಆದರೆ ಹುಡುಗಿ ಕೇಳಿದಳು, ನನ್ನನ್ನಲ್ಲ.

"ಏಳನೇ ಬೆಡ್ಡಿನೋರು ಅಳತೆ ಕೊಟ್ಟು ಹೋದ್ರಾ ಚಾಚಾ?"

ಚಾಚಾ ಏಳನೇ ಬೆಡ್ಡಿನ ಕಡೆ ಒಮ್ಮೆ ನೋಡಿದರು.

"ಕತೆ ನಿಮ್ದೇ ಅಲ್ವಾ? ಬದಲಾಯಿಸ್ರಿ. ಅಳತೆ ಕೊಟ್ಟೋರಾಗೆ ಒಬ್ಬಳಾದ್ರೂ ಹಡಗು ಹತ್ತಂಗೆ ಮಾಡ್ರಿ."

"ನಾ ಮಾಡಿದ್ದಲ್ಲ ಬೇಟಿ. ಅದು ಇರಾದೇ ಹಂಗೆ."

ಅವಳು ವೇಲು ಮುಖಕ್ಕೆ ಎಳೆದುಕೊಂಡಳು. ಮುಂದಿನ ಪಾಳಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನು ಮಾಡಿದರೆ ತಾಯಿ ಅಳುತ್ತಾ, "ಸಾಕು ಅಂತಾಳ್ರಿ, ನಾ ಬರಲ್ಲ ಅಂತಾಳ್ರಿ" ಎಂದರು. ಎರಡು ಪಾಳಿ ತಪ್ಪಿದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು, ಚಾಚಾಗೂ ಗೊತ್ತಿತ್ತು. ಮರುದಿನ ನನಗೆ ರಜೆ. ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಸೇರಿ ಭಾನುವಳ್ಳಿ ಬಸ್ಸು ಹತ್ತಿದೆವು.

ಹುಡುಗಿಯ ಮುಖ ಊದಿಕೊಂಡಿತ್ತು. ಗೋಡೆಗೆ ಒರಗಿ ಕೂತಿದ್ದಳು. ಚಾಚಾ ಒಳಗೆ ಹೋಗದೆ ಹೊಸ್ತಿಲ ಹೊರಗೇ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಹೋದ ಸರ್ತಿ ನಾ ಹೇಳಿದ್ದು ತಪ್ಪು," ಅಂದರು. "ಒಬ್ಬ ಗಟ್ಟಿಯೋನು ಇದ್ದ. ಅವಂಗೆ ಅಳತೆ ಕೊಟ್ಟ ಒಬ್ಬಳು ತೆಳ್ಳನೋಳು ಹಡಗು ಹತ್ತಾದು ನೋಡಬೇಕು ಅಂತ ಹಟ ಬಂತು. ಲೋಹ ಕಾಯಾಕೆ ಟೈಮಿಲ್ಲ. ತನ್ನ ಚಿಪ್ಪನ್ನೇ ಒಂದೊಂದಾಗಿ ಕಿತ್ತು ಹಡಗಿಗೆ ಹಚ್ಚಿದ. ಒಂದೇ ಋತುವಿನಾಗೆ ಮುಗೀತು."

"ಅವನೇನಾದ?"

"ಅದು ನಂಗಿನ್ನಾ ಗೊತ್ತಿಲ್ಲ. ನೀ ಏಳು, ಹೋಗಾಣ."

ಅವಳು ಎದ್ದಳು. ಅದೇ ಬಸ್ಸಿನಲ್ಲಿ, ತಾಯಿಯ ಭುಜಕ್ಕೆ ಒರಗಿಕೊಂಡು ಬಂದಳು. ಅವರ ಹಿಂದಿನ ಸೀಟಿನಲ್ಲಿ ಕೂತು ನಾನು ಚಾಚಾರನ್ನು ಮೆಲ್ಲಗೆ ಕೇಳಿದೆ, ಈ ಹಡಗೂರು ಎಲ್ಲಿಂದ ಬಂತು ಅಂತ. "ಮೂವತ್ತು ವರ್ಷ ಅಚ್ಚು ಮಾಡಿದೆ ಸಿಸ್ಟರ್. ಮರಳಿನಿಂದ ಅಚ್ಚು ಎತ್ತಿದ ಮ್ಯಾಲೆ ಆ ಗುಳಿ ನೋಡಿದ್ರೆ ಯಾರೋ ಮಲಗಿ ಎದ್ದು ಹೋದಂಗೆ ಕಾಣ್ತಿತ್ತು. ಯಾರಿಗೂ ಹೇಳಿರಲಿಲ್ಲ, ನಗ್ತಾರ ಅಂತ."

ಆಮೇಲೆ ತಾಯಿಯ ಕಿಡ್ನಿ ಮಗಳಿಗೆ ಹೊಂದುತ್ತದೆ ಎಂದಾಯಿತು. ತಿಂಗಳುಗಟ್ಟಲೆ ಟೆಸ್ಟು, ಕಾಗದಪತ್ರ. ಬೆಂಗಳೂರಿನಿಂದ ಕೊನೆಗೊಂದು ದಿನ ಇದ್ದಕ್ಕಿದ್ದಂತೆ ಫೋನು ಬಂತು, ಮರುದಿನವೇ ಬಂದು ಅಡ್ಮಿಟ್ ಆಗಬೇಕೆಂದು. ದಾವಣಗೆರೆ ಸ್ಟೇಷನ್ನಿನಿಂದ ಮರುದಿನ ಬೆಳಿಗ್ಗೆ ಹನ್ನೊಂದೂವರೆಯ ರೈಲು. ಅವತ್ತು ಚಾಚಾರ ಪಾಳಿ ಎಂಟರಿಂದ ಹನ್ನೆರಡು. ಬೇರೆ ಪಾಳಿಯಲ್ಲಿ ಒಂದು ಮಷೀನೂ ಖಾಲಿ ಇರಲಿಲ್ಲ.

ಎರಡು ತಾಸು ಕಳೆದಿತ್ತು. ಗಡಿಯಾರ ನೋಡುತ್ತಲೇ ಇದ್ದ ಚಾಚಾ ನನ್ನನ್ನು ಹತ್ತಿರ ಕರೆದರು.

"ಬಿಚ್ಚಿಬಿಡು ಸಿಸ್ಟರ್. ರೈಲು ಹತ್ತಿಸ್ತೀನಿ ಅಂತ ಮಾತು ಕೊಟ್ಟೀನಿ."

ಅವರ ಮೈಯಲ್ಲಿ ಅವತ್ತು ನಾಲ್ಕು ಕೇಜಿ ನೀರು ತುಂಬಿತ್ತು. ಅರ್ಧ ಮಾತ್ರ ಇಳಿದಿತ್ತು. ಡಾಕ್ಟರಿಗೆ ಫೋನು ಮಾಡಬೇಕಿತ್ತು. ಬೇಡ ಅನ್ನುತ್ತಾರೆ ಎಂದು ಗೊತ್ತಿದ್ದುದರಿಂದ ನಾನು ಮಾಡಲಿಲ್ಲ. ನಾಳೆ ಬಂದು ಉಳಿದದ್ದು ಮುಗಿಸಿಕೊಳ್ಳಬೇಕು, ಹೇಗಾದರೂ ಜಾಗ ಮಾಡುತ್ತೇನೆ ಎಂದು ಮಾತು ತೆಗೆದುಕೊಂಡು, ಪೇಷಂಟು ತಾವಾಗಿ ನಿಲ್ಲಿಸಿದ್ದಾರೆ ಎಂದು ಬರೆದ ಕಡೆ ಸಹಿ ಹಾಕಿಸಿ, ಸೂಜಿ ತೆಗೆದೆ. ಹತ್ತು ನಿಮಿಷ ಒತ್ತಿ ಹಿಡಿದು ಪಟ್ಟಿ ಕಟ್ಟಿದೆ. ಚಪ್ಪಲಿ ಮೆಟ್ಟಿಕೊಂಡು ಅವರು ಓಡುವವರ ಹಾಗೆ ಹೊರಟರು. ಬಾಗಿಲಲ್ಲಿ ತಿರುಗಿ ಕೈ ಎತ್ತಿದರು... ಎತ್ತಿದ್ದರು ಅಂತ ನನಗೆ ನೆನಪು. ನಿಜವಾಗಿ ಎತ್ತಿದರೋ, ನಾನೇ ಆಮೇಲೆ ಸೇರಿಸಿಕೊಂಡೆನೋ, ಈಗ ಹೇಳಲಾರೆ.

ಮರುದಿನ ಅವರು ಬರಲಿಲ್ಲ. ಫೋನು ಮಾಡಿದೆ. "ಆರಾಮ ಅದಾರೆ, ಮಲಗ್ಯಾರೆ" ಅಂದರು ಅವರ ಹೆಂಡತಿ. ಅದರ ಮರುದಿನ ಬೆಳಿಗ್ಗೆ ಉಸಿರು ಕಟ್ಟಿತಂತೆ. ಆಟೋದಲ್ಲಿ ಹಾಕಿಕೊಂಡು ದಾವಣಗೆರೆ ಕಡೆ ಬರುವಾಗ ದಾರಿಯಲ್ಲೇ ಹೋದರು. ಡಾಕ್ಟರು ಚಾರ್ಟು ನೋಡಿ, ಹಾರ್ಟು ಮೊದಲೇ ದುರ್ಬಲವಾಗಿತ್ತು, ಪೂರ್ತಿ ಮುಗಿಸಿದ್ದರೂ ಹೇಳಲು ಬರುತ್ತಿರಲಿಲ್ಲ ಎಂದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಮೇಲೆ ಬೆಳಿಗ್ಗೆ ಮಷೀನು ತೊಳೆಯುವಾಗ ನಾಲ್ಕನೇ ಬೆಡ್ಡಿಗೆ ಬೆನ್ನು ಹಾಕಿ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಹಾಸಿಗೆಯ ರೆಕ್ಸಿನ್ನಿನಲ್ಲಿ ಒಂದು ತಗ್ಗು ಇತ್ತು, ಉದ್ದಕ್ಕೆ, ಹೆಗಲಿನ ಹತ್ತಿರ ಅಗಲವಾಗಿ. ಎಷ್ಟೋ ಪೇಷಂಟುಗಳು ಮಲಗಿ ಎದ್ದ ತಗ್ಗು ಅದು, ಗೊತ್ತು. ಶೀಟು ಹಾಸುವಾಗ ಅದರ ಮೇಲೆ ಕೈಯಾಡಿಸದೆ ಇರಲಾಗುತ್ತಿರಲಿಲ್ಲ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಲ್ಯಾಬಿಗೆ ಸೇರಿಕೊಂಡೆ.

ಹುಡುಗಿ ಬದುಕಿದಳು. ಡಿಗ್ರಿ ಮುಗಿಸಿ, ಈಗ ಹರಿಹರದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ವರ್ಷಕ್ಕೊಮ್ಮೆ ಫೋನು ಮಾಡುತ್ತಾಳೆ. ಚಾಚಾ ಹೆಂಗೆ ಹೋದರು ಎಂದು ಕೇಳಿದಾಗಲೆಲ್ಲ, ವಯಸ್ಸಾಗಿತ್ತು, ಹಾರ್ಟು ನಿಂತಿತು ಎಂದಷ್ಟೇ ಹೇಳುತ್ತಾ ಬಂದಿದ್ದೆ. ಹೋದ ವಾರ ಗೋಬಿ ಗಾಡಿಯಿಂದ ಮನೆಗೆ ಬಂದವಳೇ ನಾನಾಗಿ ಅವಳಿಗೆ ಫೋನು ಮಾಡಿದೆ. ಯಾವ ಪೀಠಿಕೆಯೂ ಇಲ್ಲದೆ ಎಲ್ಲ ಹೇಳಿಬಿಟ್ಟೆ. ಇಳಿಯದೆ ಉಳಿದ ಎರಡು ಕೇಜಿ ನೀರು, ಡಾಕ್ಟರಿಗೆ ಮಾಡದ ಫೋನು, ಎಲ್ಲ.

"ನಂಗೆ ಗೊತ್ತಿತ್ತು ಸಿಸ್ಟರ್," ಅಂದಳು. "ಪ್ಲಾಟ್‌ಫಾರ್ಮಿಗೆ ಬಂದಾಗ ಕೈಮ್ಯಾಲಿನ ಪಟ್ಟಿ ಇನ್ನಾ ಹಸೀ ಇತ್ತು. ಹನ್ನೆರಡಕ್ಕೆ ಪಾಳಿ ಮುಗಿಯೋರು ಹನ್ನೊಂದಕ್ಕೇ ಅಲ್ಲಿ ಹೆಂಗಿರ್ತಾರೆ? ಆ ಕೈಯಾಗೇ ನಮ್ಮ ಬ್ಯಾಗ್ ಎತ್ತಿದ್ರು. ವಾಪಸ್ ಹೋಗ್ರಿ ಚಾಚಾ ಅನ್ನಬೇಕಿತ್ತು. ನಾ ಅನ್ನಲಿಲ್ಲ. ಬಂದ್ರಲ್ಲ ಅಂತ ಖುಷಿಯಾಗಿತ್ತು ನಂಗೆ."

ನನಗೂ ಅವತ್ತು ಅವರನ್ನು ಕಳಿಸುವಾಗ ಖುಷಿಯೇ ಆಗಿತ್ತು. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ. ಇಬ್ಬರೂ ಫೋನು ಇಡಲಿಲ್ಲ.

"ಸಿಸ್ಟರ್, ಅವ್ರ ದನಿ ನೆನಪೈತಾ ನಿಮಗೆ?"

ನೆನಪಿಸಿಕೊಳ್ಳಲು ನೋಡಿದೆ. ಅವರಾಡಿದ ಒಂದೊಂದು ಮಾತೂ ಇತ್ತು, ದನಿ ಇರಲಿಲ್ಲ.

"ಇಲ್ಲ" ಅಂದೆ.

"ನಂಗೂ ಇಲ್ಲ" ಅಂದಳು ಅವಳು.